ಗಣಕಯಂತ್ರದ ಬೀಟಾ ಆವೃತ್ತಿಯೂ ವೇಗಪ್ರತೀತಿಯ ಪ್ರಾಮಾಣ್ಯವೂ

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ಹೊಸ ಆವೃತ್ತಿಯೊಂದು ಪೂರ್ಣರೂಪವನ್ನು ತಾಳುವ ಮೊದಲು ಪರೀಕ್ಷಾರ್ಥವಾಗಿ ಹೊರಬಂದಾಗಲೆಲ್ಲ ಅದನ್ನು ಬಳಸಿದವರಲ್ಲಿ ಅನೇಕರು ‘ಇದು ಹಿಂದಿನದಕ್ಕಿಂತ ವೇಗವಾಗಿದೆ’ ಎಂದು ಹೇಳುವುದುಂಟು. ಹೀಗೆ ಹೇಳುವವರು ಗಡಿಯಾರವನ್ನು ಹಿಡಿದು ನೋಡಿದವರಲ್ಲ. ತಮಗೆ ಹಾಗೆ ತೋರಿತೆಂಬುದೇ ಅವರ ಆಧಾರ. ಈ ತೋರಿಕೆಯು ಪ್ರಮಾಣವೆನಿಸುವುದೇ, ಎನಿಸಿದರೆ ಯಾವ ಅಂಶದಲ್ಲಿ, ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಇದು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಸೇರಿದ ಚರ್ಚೆಯೆಂದು ಸಾಹಿತ್ಯಾಭ್ಯಾಸಿಗಳು ಉಪೇಕ್ಷಿಸುವಂತಿಲ್ಲ. ಮೂಡುಬಿದಿರೆಯ ಜೈನಮಠದಲ್ಲಿಯೂ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿಯೂ ತಾಳೆಯೋಲೆಯ ಗ್ರಂಥಗಳ ಸಂಗ್ರಹಗಳಿವೆ. ಬಂಟ್ವಾಳದ ಸುತ್ತಣ ಗ್ರಾಮಗಳಲ್ಲಿ ಪಾಡ್ದನಗಳೂ ತಾಳಮದ್ದಳೆಯ ಅರ್ಥಗಾರಿಕೆಯೂ ಇಂದಿಗೂ ಜೀವಂತವಾಗಿವೆ. ಇಂಥ ಓಲೆಗಳ ಛಾಯಾಪ್ರತಿಗಳನ್ನೂ ಇಂಥ ಹಾಡುಗಳ ಧ್ವನಿಮುದ್ರಣಗಳನ್ನೂ ಸಂಶೋಧಕನು ಈಗ ಇಡುವುದು ಗಣಕಯಂತ್ರದಲ್ಲಿಯೇ. ಆದುದರಿಂದ ‘ವೇಗವಾಗಿದೆ’ ಎಂಬ ಒಂದು ಮಾತನ್ನು ನಂಬಿ ಯಂತ್ರದ ಮೂಲವ್ಯವಸ್ಥೆಯನ್ನೇ ಬದಲಾಯಿಸುವವನು ತನ್ನ ಗ್ರಂಥಭಂಡಾರದ ಬೀಗವನ್ನೇ ಬದಲಾಯಿಸಿದಂತಾಗುವುದು.

ಮೊದಲು ಪದಾರ್ಥವಿವೇಚನೆ. ಕಾರ್ಯಾಚರಣ ವ್ಯವಸ್ಥೆಯೆಂದರೆ ಯಂತ್ರದ ಸ್ಮರಣಕೋಶ, ಸಂಗ್ರಹಫಲಕ, ತೆರೆ, ಕೀಲಿಮಣೆ ಇವುಗಳನ್ನು ಇತರ ತಂತ್ರಾಂಶಗಳಿಗೆ ಹಂಚಿಕೊಟ್ಟು ನಡೆಯಿಸುವ ಮೂಲ ತಂತ್ರಾಂಶ. ಬೀಟಾ ಎಂಬುದು ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರ. ನಿರ್ಮಾಪಕರು ತಮ್ಮೊಳಗೆ ಪರೀಕ್ಷಿಸುವ ಅವಸ್ಥೆಗೆ ಮೊದಲನೆಯ ಅಕ್ಷರವಾದ ಆಲ್ಫಾದ ಹೆಸರೂ, ಹೊರಗಿನವರ ಕೈಗೆ ಪರೀಕ್ಷೆಗಾಗಿ ಕೊಡುವ ಅವಸ್ಥೆಗೆ ಬೀಟಾದ ಹೆಸರೂ ರೂಢವಾಗಿವೆ. ಇನ್ನು ‘ವೇಗ’ವೆಂಬ ಶಬ್ದದಲ್ಲಿ ಮೂರು ಅರ್ಥಗಳು ಬೆರೆತಿರುವುವು: ಯಂತ್ರವು ಎಚ್ಚರಗೊಳ್ಳುವುದಕ್ಕೆ ಹಿಡಿಯುವ ಕಾಲ ಒಂದು, ಕೀಲಿಯನ್ನು ಒತ್ತಿದ ಬಳಿಕ ಉತ್ತರ ಕಾಣುವವರೆಗಿನ ಕಾಲ ಎರಡು, ಒಂದು ದೊಡ್ಡ ಕೆಲಸವು ಮುಗಿಯುವ ಕಾಲ ಮೂರು. ಒಂದರಲ್ಲಿ ಹೆಚ್ಚಿದ ವೇಗವು ಇನ್ನೊಂದರಲ್ಲಿಯೂ ಹೆಚ್ಚಬೇಕೆಂಬ ನಿಯಮವಿಲ್ಲ.

ಕಂಬಳವನ್ನು ನೋಡಿದವರಿಗೆ ಈ ಭೇದವು ಹೊಸದಲ್ಲ. ಮೂಡುಬಿದಿರೆಯ ಕೋಟಿ-ಚೆನ್ನಯ, ವೇಣೂರಿನ ಸೂರ್ಯ-ಚಂದ್ರ, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯ ವೀರ-ವಿಕ್ರಮ ಎಂಬ ಜೋಡುಕರೆ ಕಂಬಳಗಳಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ ಎಂಬ ವಿಭಾಗಗಳು ಓಟದ ಕಾಲದಿಂದ ನಿರ್ಣಯವಾಗುವುವು. ಕನೆಹಲಗೆಯಲ್ಲಿಯಾದರೋ ಕಾಲಕ್ಕೆ ಸ್ಥಾನವಿಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಎಂಬುದೇ ಅಲ್ಲಿಯ ಪರೀಕ್ಷೆ. ಕಣ್ಣಿಗೆ ವೇಗವಾಗಿ ಕಾಣುವುದು ನೀರಿನ ಚಿಮ್ಮುಗೆ. ವೇಗವೆಂಬುದು ಗಡಿಯಾರದ ವಿಷಯ. ಇವೆರಡಕ್ಕೂ ಬೇರೆ ಬೇರೆ ಬಹುಮಾನವನ್ನಿಟ್ಟ ಕೃಷಿಕರು ಒಂದನ್ನು ಇನ್ನೊಂದೆಂದು ಭ್ರಮಿಸಲಿಲ್ಲ. ಬೀಟಾ ಆವೃತ್ತಿಯ ವಿಷಯದಲ್ಲಿ ಭ್ರಮೆಯು ಹುಟ್ಟುವುದು ಈ ವಿವೇಕವು ತಪ್ಪಿದಲ್ಲಿಯೇ.

ಪ್ರಸಿದ್ಧವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ವಿಸ್ಟಾ ಎಂಬ ವ್ಯವಸ್ಥೆಯು 2007ರ ಜನವರಿಯಲ್ಲಿ ಸಾರ್ವಜನಿಕ ಮಾರಾಟಕ್ಕೆ ಬಂದಿತು. ಅದು ಮಂದವೆಂಬ ಆಕ್ಷೇಪವು ಎಲ್ಲೆಲ್ಲಿಯೂ ಹಬ್ಬಿತು. ಅದರ ಮುಂದಿನದಾದ ವಿಂಡೋಸ್ 7ರ ಬೀಟಾ ಆವೃತ್ತಿಯು 2009ರ ಜನವರಿಯಲ್ಲಿ ಸರ್ವರಿಗೂ ದೊರೆಯಿತು. ಪೂರ್ಣ ಆವೃತ್ತಿಯು ಅದೇ ವರ್ಷದ ಅಕ್ಟೋಬರ್ 22ರಂದು ಹೊರಟಿತು. ಬೀಟಾವನ್ನು ಬಳಸಿದವರಲ್ಲಿ ಬಹುಮಂದಿ ಇದು ವಿಸ್ಟಾಕ್ಕಿಂತ ಚುರುಕಾಗಿದೆಯೆಂದರು. ಈ ಮಾತಿಗೆ ವಾಸ್ತವವಾದ ಆಧಾರಗಳು ಇಲ್ಲದಿರಲಿಲ್ಲ. ವಿಸ್ಟಾದಲ್ಲಿ ತೆರೆದ ಪ್ರತಿಯೊಂದು ಕಿಟಕಿಯ ಚಿತ್ರವೂ ಎರಡು ಕಡೆ, ಮುಖ್ಯ ಸ್ಮರಣಕೋಶದಲ್ಲಿಯೂ ಚಿತ್ರಫಲಕದ ಸ್ಮರಣಕೋಶದಲ್ಲಿಯೂ, ಇರುತ್ತಿದ್ದಿತು. ತಕ್ಕ ಚಿತ್ರಫಲಕವುಳ್ಳ ಯಂತ್ರಗಳಲ್ಲಿ ವಿಂಡೋಸ್ 7 ಮುಖ್ಯಕೋಶದ ಪ್ರತಿಯನ್ನು ತೆಗೆದುಹಾಕಿತು. ಹಿಂದೆ ಒಂದು ತಂತ್ರಾಂಶವು ತೆರೆಯ ಮೇಲೆ ಬರೆಯುತ್ತಿರುವಾಗ ಉಳಿದವುಗಳು ಸರದಿಗಾಗಿ ಕಾಯಬೇಕಾಗಿದ್ದಿತು; ಈಗ ಹಲವು ತಂತ್ರಾಂಶಗಳು ಏಕಕಾಲದಲ್ಲಿ ಬರೆಯುವಂತಾಯಿತು. ಸದಾ ಎಚ್ಚರವಾಗಿರುತ್ತಿದ್ದ ಕೆಲವು ಪರಿಚಾರಕ ತಂತ್ರಾಂಶಗಳು ಅಗತ್ಯ ಬಿದ್ದಾಗ ಮಾತ್ರ ಏಳುವಂತೆ ಏರ್ಪಾಡಾಯಿತು. ಹೀಗಿರುವಲ್ಲಿ ಆ ಪ್ರತೀತಿಯು ಕೇವಲ ಭ್ರಮೆಯೆಂದು ತಳ್ಳುವುದು ನ್ಯಾಯವಲ್ಲ.

ಆದರೂ ಆ ಪ್ರತೀತಿಯಿಂದ ಈ ಕಾರಣಗಳು ಸಿದ್ಧಿಸುವುದಿಲ್ಲ. ಅದಕ್ಕೆ ಮೊದಲನೆಯ ಬಾಧಕವು ಸ್ಮೃತಿ. ‘ಹಿಂದಿನದಕ್ಕಿಂತ’ ಎಂಬ ಮಾತಿನಲ್ಲಿ ಎರಡು ಅಂಗಗಳಿವೆ. ಒಂದು ಈಗಿನ ಅನುಭವ, ಇನ್ನೊಂದು ಹಿಂದಿನದರ ಸ್ಮರಣೆ. ನೈಯಾಯಿಕರು ಅನುಭವವನ್ನೂ ಸ್ಮೃತಿಯನ್ನೂ ಬೇರ್ಪಡಿಸಿ, ಯಥಾರ್ಥವಾದ ಅನುಭವಕ್ಕೆ ಮಾತ್ರ ಪ್ರಮೆಯೆಂಬ ಹೆಸರನ್ನು ಕೊಟ್ಟರು. ಹಳೆಯ ವ್ಯವಸ್ಥೆಯ ಸ್ಮರಣೆಯಲ್ಲಿ ಉಳಿಯುವುದು ಅದು ಸುಗಮವಾಗಿ ನಡೆದ ದಿನಗಳಲ್ಲ. ಅದು ಕಾಯಿಸಿದ ಗಳಿಗೆಗಳು. ಈ ಬೇಸರದ ಸಂಚಯದೊಡನೆ ಹೊಸದರ ಮೊದಲ ದಿನವನ್ನು ತೂಗಿದರೆ ತಕ್ಕಡಿಯು ಮೊದಲೇ ವಾಲಿರುವುದು.

ಎರಡನೆಯ ಬಾಧಕವು ಉಪಾಧಿ. ಬೀಟಾವನ್ನು ಸ್ಥಾಪಿಸುವವರು ಸಾಮಾನ್ಯವಾಗಿ ಬರಿದಾದ ಸಂಗ್ರಹಫಲಕದಲ್ಲಿ ಅದನ್ನು ಸ್ಥಾಪಿಸುವರು. ಅದಕ್ಕೆ ಮುಂಚೆ ಇದ್ದ ವ್ಯವಸ್ಥೆಯಾದರೋ ಎರಡು ಮೂರು ವರ್ಷಗಳ ತಂತ್ರಾಂಶಗಳಿಂದಲೂ, ಎಚ್ಚರಗೊಂಡೊಡನೆ ತಾನೇ ತಾನಾಗಿ ತೆರೆಯುವ ಪರಿಚಾರಕಗಳಿಂದಲೂ, ಚದುರಿದ ಕಡತಗಳಿಂದಲೂ ಭಾರವಾಗಿದ್ದಿತು. ಬೆಂಕಿಯಿರುವುದರಿಂದ ಹೊಗೆಯಿದೆಯೆಂದು ಊಹಿಸುವವನು ಹಸಿಯ ಸೌದೆಯ ಸಂಬಂಧವನ್ನು ಮರೆತಂತೆ, ‘ಹೊಸತಾದುದರಿಂದ ವೇಗವುಳ್ಳದ್ದು’ ಎಂದು ಊಹಿಸುವವನು ಫಲಕದ ಬರಿದುತನವನ್ನು ಮರೆಯುವನು. ವೇಗವಿದ್ದಲ್ಲೆಲ್ಲ ಆ ಬರಿದುತನವೂ ಇದ್ದು, ಹೊಸ ಆವೃತ್ತಿಯಿದ್ದಲ್ಲೆಲ್ಲ ಅದು ಇಲ್ಲದಿದ್ದರೆ, ಹೇತುವು ಸೋಪಾಧಿಕವೆನಿಸಿ ಅನುಮಾನವು ಕೆಡುವುದು. ಇದನ್ನು ಪರಿಹರಿಸುವ ಉಪಾಯವೂ ಸುಲಭವೇ: ಅದೇ ಯಂತ್ರದಲ್ಲಿ ಹಳೆಯ ಆವೃತ್ತಿಯನ್ನೂ ಬರಿದಾದ ಫಲಕದಲ್ಲಿ ಹೊಸದಾಗಿ ಸ್ಥಾಪಿಸಿ ನೋಡತಕ್ಕದ್ದು. ಆಗಲೂ ಅಂತರವು ಉಳಿದರೆ ಅದು ಆವೃತ್ತಿಯದು. ಕರಗಿದರೆ ಅದು ಫಲಕದ್ದು.

ಮೂರನೆಯದು ತೆರೆಯ ಚಾತುರ್ಯ. ಯಕ್ಷಗಾನದಲ್ಲಿ ರಂಗಸ್ಥಳವು ಕಳೆಗಟ್ಟಿದ್ದರೂ ಚೌಕಿಯೊಳಗೆ ಎಷ್ಟೋ ವೇಷಗಳು ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿರುವುವು. ಪ್ರೇಕ್ಷಕನಿಗೆ ಆಟವು ಆರಂಭವಾಗಿದೆ. ಅದರಂತೆಯೇ ಕೆಲವು ಪರಿಚಾರಕಗಳನ್ನು ತಡವಾಗಿ ಎಬ್ಬಿಸುವ ಏರ್ಪಾಡನ್ನು ಮಾಡಿ, ಬಳಸುವವನಿಗೆ ಮುಖ್ಯ ತೆರೆಯನ್ನು ಬೇಗ ತೋರಿಸಬಹುದು. ಈ ಏರ್ಪಾಡು ವಿಸ್ಟಾದಲ್ಲಿಯೇ ಬಂದಿತು. ತೆರೆ ಕಂಡಿತೆಂದಮಾತ್ರಕ್ಕೆ ಯಂತ್ರವು ಸಿದ್ಧವಾಯಿತೆಂದಲ್ಲ. ಕೆಲಸವು ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿಯ ವಿಷಯದಲ್ಲಿ ಕ್ರಿಸ್ ಹ್ಯಾರಿಸನ್ ಮೊದಲಾದವರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಇಲ್ಲಿ ಸ್ಮರಣೀಯ. ಒಟ್ಟು ಕಾಲವು ಸಮವಾಗಿದ್ದರೂ, ಕೊನೆಯಲ್ಲಿ ವೇಗವನ್ನು ಹೆಚ್ಚಿಸಿಕೊಳ್ಳುವ ಪಟ್ಟಿಯು ಕೊನೆಯಲ್ಲಿ ತಡೆದು ನಿಲ್ಲುವ ಪಟ್ಟಿಗಿಂತ ಬೇಗ ಮುಗಿದಂತೆ ಜನರಿಗೆ ತೋರಿತು. ಒಂದೇ ತಾಳಾವರ್ತವು ಚೆಂಡೆಯ ಹೊಡೆತಗಳ ಹಂಚಿಕೆಯಿಂದ ದ್ರುತವೆಂದೋ ವಿಲಂಬಿತವೆಂದೋ ಕಿವಿಗೆ ತೋರುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಹಾಗಾದರೆ ಪ್ರತೀತಿಯನ್ನು ಬಿಟ್ಟು ಸಂಖ್ಯೆಯನ್ನೇ ಹಿಡಿದರೆ ಸಾಕೇ ಎಂದರೆ, ಅದೂ ಸಾಲದು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆಯ ಕಡೆಯವರಾದ ಶ್ರೀನಿವಾಸ ಗೌಡರು 142.50 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಇದನ್ನು 100 ಮೀಟರಿಗೆ ಇಳಿಸಿದರೆ 9.55 ಸೆಕೆಂಡಾಗುವುದೆಂದೂ, 2009ರಲ್ಲಿ ಬರ್ಲಿನ್ನಿನಲ್ಲಿ ಉಸೈನ್ ಬೋಲ್ಟ್ ಸ್ಥಾಪಿಸಿದ 9.58 ಸೆಕೆಂಡಿನ ದಾಖಲೆಯು ಮುರಿಯಿತೆಂದೂ ಪತ್ರಿಕೆಗಳು ಕೊಂಡಾಡಿದುವು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿದಾಗ ಅದೇ ಲೆಕ್ಕವು ಮರುಕಳಿಸಿತು. ಭಾಗಾಕಾರದಲ್ಲಿ ದೋಷವಿಲ್ಲ, ದೋಷವಿರುವುದು ಹೋಲಿಕೆಯಲ್ಲಿ. ಒಬ್ಬನು ನಿಂತಲ್ಲಿಂದ ತನ್ನ ಕಾಲಿನ ಬಲದಿಂದಲೇ ಹೊರಡುವನು. ಇನ್ನೊಬ್ಬನು ಕೋಣಗಳ ಸೆಳೆತವನ್ನು ಹಿಡಿದು ಓಡುವನು. ಮೇಲಾಗಿ ಹೊರಡುವಾಗಿನ ತಡವು ಎರಡರಲ್ಲಿಯೂ ಒಂದೇ ಸಲ ಬರುವುದಾಗಿ, ಓಟವು ಉದ್ದವಾದಷ್ಟೂ ಅದರ ಪಾಲು ಕಡಮೆಯಾಗುವುದು. ಕೆಸರಿನಲ್ಲಿ ಓಡಿದವರ ಸಾಮರ್ಥ್ಯವು ಈ ವಿವೇಚನೆಯಿಂದ ಕುಂದುವುದಿಲ್ಲ; ಅದು ಬೇರೊಂದು ಸಾಮರ್ಥ್ಯವೆಂದು ಮಾತ್ರ ತಿಳಿಯುವುದು. ಬೀಟಾ ಆವೃತ್ತಿಯು ಹಳೆಯದಕ್ಕಿಂತ ಇಷ್ಟು ಸೆಕೆಂಡು ಬೇಗ ಎಚ್ಚರಗೊಂಡಿತೆಂಬ ಸಂಖ್ಯೆಯನ್ನು ಕೇಳಿದಾಗಲೂ ಇದೇ ಪ್ರಶ್ನೆಯನ್ನು ಹಾಕತಕ್ಕದ್ದು: ಯಂತ್ರವು ಒಂದೇ ಆಗಿದ್ದಿತೇ, ಹೊರೆಯು ಒಂದೇ ಆಗಿದ್ದಿತೇ, ಅಳೆದುದು ಯಾವ ಕಾರ್ಯವನ್ನು?

ಕನ್ನಡವನ್ನು ಬರೆಯುವವರಿಗೆ ಈ ಕೊನೆಯ ಪ್ರಶ್ನೆಯು ವಿಶೇಷವಾಗಿ ಸಲ್ಲುವುದು. ಯೂನಿಕೋಡ್ ಸಂಕೇತಕ್ರಮದಲ್ಲಿ ಕನ್ನಡವು 1991ರ ಮೊದಲನೆಯ ಆವೃತ್ತಿಯಿಂದಲೇ ಇದೆ. ವಿಂಡೋಸ್ ವ್ಯವಸ್ಥೆಗೆ ಕನ್ನಡದ ಜೋಡಣೆಯು 2001ರ ಎಕ್ಸ್‌ಪಿ ಆವೃತ್ತಿಯೊಡನೆ ಬಂದಿತು. ‘ಸ್ತ್ರೀ’ ಎಂಬುದು ಓದುವವನಿಗೆ ಒಂದೇ ಅಕ್ಷರ. ಯಂತ್ರಕ್ಕಾದರೋ ಸಕಾರ, ವಿರಾಮ, ತಕಾರ, ವಿರಾಮ, ರೇಫ, ಈಕಾರದ ಚಿಹ್ನೆ ಎಂಬ ಆರು ಸಂಕೇತಗಳು. ಇವುಗಳನ್ನು ಕೂಡಿಸಿ, ಒತ್ತಕ್ಷರಗಳನ್ನು ತಕ್ಕ ಸ್ಥಾನದಲ್ಲಿಟ್ಟು, ಒಂದು ಆಕೃತಿಯನ್ನು ಮೂಡಿಸಿದ ಮೇಲೆಯೇ ಕಣ್ಣಿಗೆ ಅಕ್ಷರವು ಕಾಣುವುದು. ಆದುದರಿಂದ ಇಂಗ್ಲಿಷ್ ಬರವಣಿಗೆಯಿಂದ ಪಡೆದ ಅಳತೆಯು ಕನ್ನಡ ಗ್ರಂಥಸಂಪಾದಕನ ಅನುಭವಕ್ಕೆ ಹಾಗೆಯೇ ಒಪ್ಪುವುದೆಂದು ಹೇಳಲಾಗದು. ಅವನು ತನ್ನ ಪಾಠವನ್ನೇ ಹಾಕಿ ಅಳೆಯಬೇಕು.

ಇಷ್ಟರಿಂದ ಪ್ರತೀತಿಯು ವ್ಯರ್ಥವೆಂದು ತಾತ್ಪರ್ಯವಲ್ಲ. ಯಂತ್ರದ ಉತ್ತರಕ್ಕೂ ಮನುಷ್ಯನ ಸಹನೆಗೂ ಇರುವ ಸಂಬಂಧವನ್ನು ರಾಬರ್ಟ್ ಮಿಲ್ಲರ್ 1968ರಲ್ಲಿ ವಿವೇಚಿಸಿದರು. ಜೇಕಬ್ ನೀಲ್ಸನ್ 1993ರಲ್ಲಿ ಅದನ್ನು ಮೂರು ಮೇರೆಗಳಾಗಿ ಪ್ರಚುರಪಡಿಸಿದರು. ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗಿನ ಉತ್ತರವು ತತ್‌ಕ್ಷಣದ್ದೆಂದು ತೋರುವುದು. ಒಂದು ಸೆಕೆಂಡಿನವರೆಗೆ ವಿಚಾರಧಾರೆಯು ಕಡಿಯದು. ಹತ್ತು ಸೆಕೆಂಡುಗಳನ್ನು ಮೀರಿದರೆ ಮನಸ್ಸು ಬೇರೆಡೆಗೆ ಹರಿಯುವುದು. ಈ ಮೇರೆಗಳನ್ನು ದಾಟಿಸದ ಸುಧಾರಣೆಯು ಗಡಿಯಾರಕ್ಕೆ ಕಂಡರೂ ಬಳಸುವವನಿಗೆ ಕಾಣದೆ ಹೋಗಬಹುದು. ದಾಟಿಸಿದ ಸುಧಾರಣೆಯು ಅಲ್ಪವಾದರೂ ದೊಡ್ಡದಾಗಿ ತೋರಬಹುದು. ಓಲೆಯ ಚಿತ್ರವನ್ನು ಹಿಗ್ಗಿಸಿ ಅಳಿಸಿದ ಅಕ್ಷರವನ್ನು ಊಹಿಸುತ್ತಿರುವವನಿಗೆ ವಿಚಾರಧಾರೆಯು ಕಡಿಯದಿರುವುದೇ ಮುಖ್ಯವಾದ ಲಾಭ. ‘ನನಗೆ ಕಾಯುವ ಬೇಸರವಿಲ್ಲ’ ಎಂಬ ವಿಷಯದಲ್ಲಿ ಅವನ ಅನುಭವವೇ ಪ್ರಮಾಣ; ಅದನ್ನು ಯಾವ ಗಡಿಯಾರವೂ ಬಾಧಿಸಲಾರದು. ‘ಆದುದರಿಂದ ಈ ವ್ಯವಸ್ಥೆಯು ಉತ್ತಮ’ ಎಂದು ಮುಂದುವರಿದಲ್ಲಿ ಮಾತ್ರ ಅವನು ಅನುಭವದ ಗಡಿಯನ್ನು ದಾಟಿರುವನು.

ಆ ಗಡಿಯನ್ನು ದಾಟುವುದರ ಅಪಾಯಕ್ಕೆ ಮೇಲೆ ಹೇಳಿದ ವಿಂಡೋಸ್ 7ರ ಬೀಟಾವೇ ಸಾಕ್ಷಿ. ಬಹುಮಂದಿ ಚುರುಕೆಂದು ಮೆಚ್ಚಿದ ಅದೇ ಆವೃತ್ತಿಯಲ್ಲಿ ಒಂದು ದೋಷವಿದ್ದಿತು: ಎಂಪಿ3 ರೂಪದ ಕೆಲವು ಧ್ವನಿಕಡತಗಳ ವಿವರಗಳನ್ನು ವ್ಯವಸ್ಥೆಯು ತಿದ್ದುವಾಗ ಆರಂಭದ ಕೆಲವು ಸೆಕೆಂಡುಗಳ ಧ್ವನಿಯು ಮರಳಿ ಬಾರದಂತೆ ಅಳಿದುಹೋಗುತ್ತಿದ್ದಿತು. ಮೈಕ್ರೋಸಾಫ್ಟ್ ಸಂಸ್ಥೆಯು ತಾನೇ ಇದನ್ನು ಪ್ರಕಟಿಸಿ ತಿದ್ದುಪಡಿಯನ್ನು ಒದಗಿಸಿತು. ಪರೀಕ್ಷಾರ್ಥವಾದ ಕೃತಿಯಲ್ಲಿ ಇಂಥದು ಇರಬಹುದೆಂಬುದೇ ಆ ಹೆಸರಿನ ಅರ್ಥವಾದುದರಿಂದ ಇಲ್ಲಿ ನಿಂದೆಗೆ ಅವಕಾಶವಿಲ್ಲ. ಆದರೆ ಪಾಡ್ದನದ ಸಂಗ್ರಾಹಕನ ದೃಷ್ಟಿಯಿಂದ ಇದನ್ನು ಯೋಚಿಸಬೇಕು. ಹಾಡಿದವರ ಹೆಸರು, ಗ್ರಾಮ, ದಿನಾಂಕ ಇವುಗಳನ್ನು ಮುದ್ರಣದ ಆರಂಭದಲ್ಲಿ ನುಡಿದಿಡುವುದು ವಾಡಿಕೆ. ಮೊದಲ ಕೆಲವು ಸೆಕೆಂಡುಗಳು ಹೋದರೆ ಹಾಡು ಉಳಿದರೂ ಅದು ಯಾರದೆಂಬುದು ಹೋಗುವುದು. ಮೊದಲನೆಯ ಓಲೆಯು ಕಳೆದುಹೋದ ಗ್ರಂಥದಂತೆ ಅದು ಕರ್ತೃವಿಲ್ಲದೆ ನಿಲ್ಲುವುದು. ತೆರೆಯು ಬೇಗ ಕಂಡುದು ಎಲ್ಲರಿಗೂ ತಿಳಿಯಿತು. ಧ್ವನಿಯು ಅಳಿದುದು ಕಡತವನ್ನು ಮತ್ತೆ ಕೇಳಿದವನಿಗೆ ಮಾತ್ರ ತಿಳಿಯತಕ್ಕದ್ದು. ಇದಲ್ಲದೆ ಆ ಬೀಟಾದ ಆಯುಸ್ಸು 2009ರ ಆಗಸ್ಟ್ 1ಕ್ಕೆ ಮುಗಿಯುವಂತೆ ಮೊದಲೇ ನಿಯತವಾಗಿದ್ದಿತು.

ಇದರಿಂದ ನಿಷ್ಪನ್ನವಾಗುವುದೇನೆಂದರೆ, ಬೀಟಾ ಆವೃತ್ತಿಯು ವೇಗವಾಗಿದೆಯೆಂಬ ಪ್ರತೀತಿಯು ಬಳಸುವವನ ಕಾಯುವಿಕೆಯ ವಿಷಯದಲ್ಲಿ ಪ್ರಮಾಣ. ಆವೃತ್ತಿಯ ಗುಣದ ವಿಷಯದಲ್ಲಿ ಪರೀಕ್ಷೆಗೆ ಪ್ರೇರಣೆ ಮಾತ್ರ. ಗ್ರಂಥರಕ್ಷಣೆಯ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ವೇಗವನ್ನು ತಿಳಿಯಬೇಕೆನ್ನುವವನು ಒಂದೇ ಯಂತ್ರದಲ್ಲಿ, ಎರಡು ಆವೃತ್ತಿಗಳನ್ನೂ ಹೊಸದಾಗಿ ಸ್ಥಾಪಿಸಿ, ತನ್ನ ನಿತ್ಯದ ಕಾರ್ಯವನ್ನೇ ಹಲವು ಸಲ ಮಾಡಿ ಕಾಲವನ್ನು ಬರೆದಿಡಲಿ. ಕೆಲವು ವಾರಗಳ ಬಳಿಕ, ಹೊಸತನದ ಉತ್ಸಾಹವು ಇಳಿದ ಮೇಲೆ, ಮತ್ತೊಮ್ಮೆ ಅಳೆಯಲಿ. ಇದಕ್ಕೆಲ್ಲ ಬೇರೊಂದು ಯಂತ್ರವನ್ನು ಬಳಸತಕ್ಕದ್ದೇ ಹೊರತು, ಓಲೆಯ ಛಾಯಾಪ್ರತಿಗಳೂ ಧ್ವನಿಮುದ್ರಣಗಳೂ ಇರುವ ಯಂತ್ರವನ್ನಲ್ಲ. ಅವುಗಳ ಪ್ರತ್ಯೇಕವಾದ ನಕಲನ್ನು ಬೇರೆಡೆಯಲ್ಲಿ ಇಟ್ಟಲ್ಲದೆ ಯಾವ ಹೊಸ ಆವೃತ್ತಿಯನ್ನೂ ಒಳಕ್ಕೆ ಬಿಡಬಾರದು.