ಬೆಕ್ಕಿನ ರೋಮವೂ ಮಗುವಿನ ಉಸಿರೂ

ಕಾಸರಗೋಡು ಸೀಮೆಯ ಹಳ್ಳಿಮನೆಗಳಲ್ಲಿ ಬೆಳಗಿನ ಮೊದಲ ಸದ್ದು ಹಿಡಿಸೂಡಿಯದು. ಕೋಳಿ ಕೂಗಿದ ಬೆನ್ನಿಗೇ ಅಂಗಳ ಗುಡಿಸುವ ಆ ಸರಸರ ಸದ್ದನ್ನು ಕೇಳುತ್ತಲೇ ನಾವು ಬೆಳೆದವರು. ಗುಡಿಸಿದ ಮನೆಯೇ ಶುಚಿಯಾದ ಮನೆ ಎಂಬುದರಲ್ಲಿ ನಮಗೆ ಐವತ್ತು ವರ್ಷಗಳವರೆಗೆ ಯಾವ ಸಂಶಯವೂ ಇರಲಿಲ್ಲ. ಆ ನಂಬಿಕೆಯನ್ನು ಅಲುಗಿಸಿದವಳು ನಮ್ಮ ಏಳು ವರ್ಷದ ಮೊಮ್ಮಗಳು.

ಮಗಳೂ ಅಳಿಯನೂ ಉದ್ಯೋಗ ನಿಮಿತ್ತ ದೂರದ ಊರಿನಲ್ಲಿರುವುದರಿಂದ ಮಗು ನಮ್ಮೊಡನಿದ್ದು, ನಾವು ಮುಖ್ಯೋಪಾಧ್ಯಾಯರಾಗಿರುವ ಶಾಲೆಯಲ್ಲಿಯೇ ಕಲಿಯುತ್ತಿದ್ದಾಳೆ. ಮನೆಯಲ್ಲಿ ಒಂದು ಮುದಿ ನಾಯಿಯೂ, ಮೂರು ಬಣ್ಣದ ಒಂದು ಬೆಕ್ಕೂ ಇವೆ. ನಾಯಿ ಜಗಲಿಯಿಂದ ಒಳಗೆ ಬರುವುದು ಅಪರೂಪ. ಬೆಕ್ಕಿಗಾದರೋ ಮಗುವಿನ ಹಾಸಿಗೆಯೇ ಸಿಂಹಾಸನ. ಕಳೆದ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ ಮಗುವಿಗೆ ಹಿಡಿದ ಕೆಮ್ಮು ಕಷಾಯಕ್ಕೆ ಬಗ್ಗಲಿಲ್ಲ. ನಡುರಾತ್ರಿ ಎದ್ದು ಕುಳಿತು ಉಸಿರಿಗಾಗಿ ಭುಜ ಕುಣಿಸುವ ಮಗುವನ್ನು ನೋಡುತ್ತ ಕುಳಿತಿರುವ ಸಂಕಟ ಯಾವ ಶತ್ರುವಿಗೂ ಬೇಡ.

ವೈದ್ಯರು ಪರೀಕ್ಷಿಸಿ, ಇದು ಶೀತವಲ್ಲ, ಉಬ್ಬಸ ಎಂದರು. ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳುಗಳೂ ಬೆಕ್ಕೂ ಮಗುವಿನ ಮೈಗೆ ಒಗ್ಗುತ್ತಿಲ್ಲವೆಂದು ತಿಳಿಯಿತು. “ಬೆಕ್ಕನ್ನು ಬೇರೆಯವರಿಗೆ ಕೊಡುವುದು ಮೇಲು. ಕೊಡಲಾಗದಿದ್ದರೆ ಮಲಗುವ ಕೋಣೆಗೆ ಬಿಡಬೇಡಿ, ಧೂಳೆಬ್ಬಿಸಿ ಗುಡಿಸಬೇಡಿ, ಔಷಧ ತಪ್ಪಿಸಬೇಡಿ” ಎಂಬುದು ಅವರ ಸಲಹೆ. ಬಸ್ಸಿನಲ್ಲಿ ಮರಳುವಾಗ ಮಗು ಬಹಳ ಹೊತ್ತು ಸುಮ್ಮನಿದ್ದು, “ಅಜ್ಜಾ, ಅದನ್ನು ಕೊಟ್ಟರೆ ಅದಕ್ಕೆ ತಿರುಗಿ ಬರಲಿಕ್ಕೆ ದಾರಿ ಗೊತ್ತಾಗ್ತದಾ?” ಎಂದು ಕೇಳಿತು. ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ವಿಷಯ ತಿಳಿಸಿದಾಗ ನಮ್ಮಾಕೆ, “ನೋಡಿ, ಮೊದಲು ಆ ಧೂಳೆಳೆಯುವ ಯಂತ್ರದಿಂದ ಏನಾದರೂ ಆಗ್ತದಾ ನೋಡುವ. ಬೆಕ್ಕಿನ ವಿಷಯ ಮತ್ತೆ ಯೋಚಿಸುವ” ಎಂದರು. ವ್ಯಾಕ್ಯೂಮ್ ಕ್ಲೀನರಿನ ವಿಚಾರ ನಮ್ಮ ಮನೆ ಹೊಕ್ಕದ್ದು ಹೀಗೆ. ಅದಕ್ಕಾಗಿ ನಾವು ಓದಿ, ಕೇಳಿ, ಕಂಡು ತಿಳಿದುದನ್ನು ಓದುಗ ಬಾಂಧವರ ಮುಂದಿಡುತ್ತಿದ್ದೇವೆ. ಬೆಕ್ಕು ನಾಯಿಗಳಿಲ್ಲದ ಮನೆ ನಮ್ಮ ಗಡಿನಾಡಿನಲ್ಲಿ ಎಷ್ಟಿದ್ದೀತು?

ದೋಷಿ ರೋಮವಲ್ಲ

ಮಗುವಿಗೆ ತೊಂದರೆ ಕೊಡುವುದು ಬೆಕ್ಕಿನ ಕೂದಲೆಂದೇ ನಾವು ತಿಳಿದಿದ್ದೆವು. ವಾಸ್ತವದಲ್ಲಿ ತೊಂದರೆ ಇರುವುದು ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದ ಜಿಡ್ಡಿನಲ್ಲಿಯೂ ಇರುವ ಒಂದು ಸಸಾರಜನಕದಲ್ಲಿ. ವಿಜ್ಞಾನಿಗಳು ಅದನ್ನು ‘ಫೆಲ್ ಡಿ 1’ ಎಂದು ಕರೆದಿದ್ದಾರೆ. ಬೆಕ್ಕು ಮೈ ನೆಕ್ಕಿಕೊಂಡಾಗ ಜೊಲ್ಲು ರೋಮಕ್ಕೆ ಅಂಟಿ ಒಣಗುತ್ತದೆ. ಬಳಿಕ ಚರ್ಮದ ಹೊಟ್ಟಿನೊಡನೆ ಉದುರಿ ಗಾಳಿ ಸೇರುತ್ತದೆ. ನಾಯಿಗಳಲ್ಲಿಯೂ ಇಂಥದೇ ಬೇರೆ ವಸ್ತುಗಳಿವೆ. ಈ ಕಣಗಳಲ್ಲಿ ಅನೇಕವು ಐದು ಮೈಕ್ರಾನಿಗಿಂತಲೂ ಕಿರಿದು. ಮನುಷ್ಯನ ಒಂದು ತಲೆಗೂದಲಿನ ದಪ್ಪವೇ ಸುಮಾರು ಎಪ್ಪತ್ತು ಮೈಕ್ರಾನ್ ಎಂದರೆ ಅವುಗಳ ಸೂಕ್ಷ್ಮತೆ ತಿಳಿದೀತು. ಒಮ್ಮೆ ಎದ್ದ ಕಣ ಗಂಟೆಗಟ್ಟಲೆ ಗಾಳಿಯಲ್ಲಿ ತೇಲಬಲ್ಲುದು. ಬೆಕ್ಕನ್ನು ಮನೆಯಿಂದ ಕಳಿಸಿದ ಮೇಲೂ ಅದರ ಶೇಷ ತಿಂಗಳುಗಟ್ಟಲೆ ಹಾಸಿಗೆ, ದಿಂಬು, ಪರದೆಗಳಲ್ಲಿ ಉಳಿದಿರುತ್ತದೆ.

ಆದುದರಿಂದ ಯಂತ್ರಕ್ಕೆ ಎರಡು ಕೆಲಸಗಳಿವೆ. ಕಣ್ಣಿಗೆ ಕಾಣುವ ರೋಮವನ್ನು ಎತ್ತುವುದು ಒಂದು, ಕಣ್ಣಿಗೆ ಕಾಣದ ಕಣವನ್ನು ಹಿಡಿದು ಮತ್ತೆ ಕೋಣೆಗೆ ಬಿಡದಿರುವುದು ಇನ್ನೊಂದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡದ ಯಂತ್ರ ಹಿಡಿಸೂಡಿಗಿಂತ ಮೇಲಲ್ಲ.

ಒಬ್ಬ ಜಾಡಮಾಲಿಯ ಕೆಮ್ಮು

ಈ ಯಂತ್ರದ ಹುಟ್ಟಿನ ಕಥೆಯಲ್ಲಿಯೂ ಉಬ್ಬಸವಿದೆ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು ಧೂಳನ್ನು ಊದುವ ಬದಲು ಹೀರುವ ಯಂತ್ರವನ್ನು ಸಿದ್ಧಗೊಳಿಸಿದನು. ಕುದುರೆಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಗಳ ಮೂಲಕ ಉದ್ದನೆಯ ಕೊಳವೆಗಳನ್ನು ಒಳಕ್ಕೆ ಬಿಡಬೇಕಾದಷ್ಟು ದೊಡ್ಡ ಯಂತ್ರವದು. ಅದನ್ನು ಕೈಯಲ್ಲಿ ಹಿಡಿಯುವಂತೆ ಮಾಡಿದವರಲ್ಲಿ ಮುಖ್ಯನು ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಎಂಬಲ್ಲಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಒಂದು ದೊಡ್ಡ ಅಂಗಡಿಯ ನೆಲ ಗುಡಿಸುವುದು ಅವನ ಜೀವನೋಪಾಯ. ಅವನಿಗೆ ಉಬ್ಬಸವಿತ್ತು. ಗುಡಿಸುವಾಗ ಏಳುವ ಧೂಳೇ ಇದಕ್ಕೆ ಕಾರಣವೆಂದು ಅವನಿಗೆ ತೋರಿತು. ಬೀಸಣಿಗೆಯ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಇವುಗಳನ್ನು ಜೋಡಿಸಿ ಅವನೊಂದು ಯಂತ್ರ ಕಟ್ಟಿದನು. 1908ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಚರ್ಮದ ಸಾಮಾನಿನ ವ್ಯಾಪಾರಿ ಹೂವರ್ ಎಂಬಾತನು ಅದನ್ನು ಕೊಂಡು ಲೋಕಪ್ರಸಿದ್ಧವಾಗಿಸಿದನು.

ಇದನ್ನು ಓದಿದ ದಿನ ನಮಗೆ ನಿದ್ರೆ ಬರಲಿಲ್ಲ. ತರಬೇತಿ ಶಾಲೆಯಲ್ಲಿ ಕಲಿತಂತೆ, ಶಾಲೆಯ ಗಂಟೆ ಬಾರಿಸುವ ಮೊದಲು ಮಕ್ಕಳು ಸರದಿಯಂತೆ ತರಗತಿ ಗುಡಿಸಬೇಕೆಂಬುದು ನಮ್ಮ ಹಳೆಯ ನಿಯಮ. ಬಹಳ ವರ್ಷಗಳ ಹಿಂದೆ ಐದನೆಯ ತರಗತಿಯ ಹುಡುಗನೊಬ್ಬ ತನ್ನ ಸರದಿ ಬಂದಾಗಲೆಲ್ಲ, “ಮಾಷ್ಟ್ರೇ, ಧೂಳಿಗೆ ಕೆಮ್ಮು ಬರ್ತದೆ” ಎನ್ನುತ್ತಿದ್ದ. ಸೋಮಾರಿತನದ ನೆಪವೆಂದು ತಿಳಿದು ನಾವು ಅವನಿಗೆ ಇನ್ನೊಂದು ದಿನ ಹೆಚ್ಚಿಗೆ ಗುಡಿಸಲು ಹೇಳಿದ್ದುಂಟು. ಗುಡಿಸಿ ಬಂದು ಬೆಂಚಿನ ಮೇಲೆ ತಲೆಯಿಟ್ಟು ಕೆಮ್ಮುತ್ತಿದ್ದ ಆ ಹುಡುಗನ ಬೆನ್ನು ಈಗ ಕಣ್ಣಮುಂದೆ ಬರುತ್ತದೆ. ಅಂದು ನಮಗೆ ತಿಳಿದಿರಲಿಲ್ಲವೆಂಬುದು ನಿಜ. ಕೇಳಲಿಲ್ಲವೆಂಬುದೂ ಅಷ್ಟೇ ನಿಜ.

ಅಂಗಡಿಯಲ್ಲಿ ಒಂದು ಪ್ರಯೋಗ

ಯಂತ್ರ ಕೊಳ್ಳಲು ಪೇಟೆಗೆ ಹೊರಟಾಗ ನಾವು ಜೊತೆಗೆ ಒಯ್ದದ್ದು ಮೂರು ವಸ್ತುಗಳು: ಬೆಕ್ಕನ್ನೂ ನಾಯಿಯನ್ನೂ ಬಾಚಿ ಕಾಗದದ ಪೊಟ್ಟಣದಲ್ಲಿ ಕಟ್ಟಿದ ರೋಮ, ಮನೆಯ ಒಂದು ಹಳೆಯ ದಿಂಬು, ಒಂದು ಹತ್ತಿಯ ಜಮಖಾನೆ. ಅಂಗಡಿಯ ತರುಣ ನಕ್ಕು, “ಮಾಷೆ, ಇದೆಂಥ ಪರೀಕ್ಷೆ?” ಎಂದು ಮಲೆಯಾಳದಲ್ಲಿ ಕೇಳಿದ. ವಿಷಯ ತಿಳಿದ ಮೇಲೆ ಆತನೇ ಆಸಕ್ತಿಯಿಂದ ಒಂದೊಂದೇ ಯಂತ್ರವನ್ನು ಓಡಿಸಿ ತೋರಿಸಿದ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 2000 ವ್ಯಾಟ್ ಎಂದು ಬರೆದ ಯಂತ್ರ ಭಾರಿ ಗರ್ಜನೆ ಮಾಡಿತು. ನುಣುಪು ನೆಲದ ಮೇಲಿನ ರೋಮವೆಲ್ಲ ಹೋಯಿತು. ಜಮಖಾನೆಯ ನೂಲಿಗೆ ಸಿಕ್ಕಿಕೊಂಡ ರೋಮ ಮಾತ್ರ ಅಲ್ಲಿಯೇ ಉಳಿಯಿತು. ಅದರ ಅರ್ಧದಷ್ಟು ವ್ಯಾಟಿನ, ಬಾಯಲ್ಲಿ ತಿರುಗುವ ಪುಟ್ಟ ಬ್ರಷ್ಷುಳ್ಳ ಇನ್ನೊಂದು ಯಂತ್ರ ಎರಡು ಎಳೆತಕ್ಕೆ ಅದನ್ನು ಕಿತ್ತು ನುಂಗಿತು. ಇದರಿಂದ ನಾವು ಕಲಿತ ಪಾಠವಿಷ್ಟು: ವ್ಯಾಟ್ ಎಂಬುದು ಯಂತ್ರ ತಿನ್ನುವ ವಿದ್ಯುತ್ತಿನ ಲೆಕ್ಕ, ಹೀರುವ ಬಲದ ಲೆಕ್ಕವಲ್ಲ. ಯೂರೋಪಿನ ಒಕ್ಕೂಟವು 2014ರಲ್ಲಿ ಇಂಥ ಯಂತ್ರಗಳ ವಿದ್ಯುತ್ತಿಗೆ 1600 ವ್ಯಾಟಿನ ಮಿತಿಯನ್ನೂ, 2017ರಲ್ಲಿ 900 ವ್ಯಾಟಿನ ಮಿತಿಯನ್ನೂ ವಿಧಿಸಿತು. ಅದರಿಂದ ಅಲ್ಲಿನ ಮನೆಗಳೇನೂ ಕೊಳಕಾಗಲಿಲ್ಲ. ಗಾಳಿಯ ಹರಿವು, ಬಾಯಿಯ ರಚನೆ, ಸಂದುಗಳ ಬಿಗಿತ ಇವುಗಳೇ ಮುಖ್ಯ.

ಆರಿಸುವಾಗ ನೋಡಬೇಕಾದುದು

ಮೊದಲು ನಿಮ್ಮ ಮನೆಯ ನೆಲವನ್ನು ನೋಡಿಕೊಳ್ಳಿ. ನಮ್ಮ ಹಳೆಯ ಮನೆಗಳ ಕಾವಿ ನೆಲಕ್ಕೂ ಹೊಸ ಮನೆಗಳ ಟೈಲ್ಸಿಗೂ ಮೃದು ಕೂದಲಿನ ಅಗಲ ಬಾಯಿ ಸಾಕು. ಗಡಸು ಬ್ರಷ್ಷು ಅಲ್ಲಿ ಜೋರಾಗಿ ತಿರುಗಿದರೆ ರೋಮವನ್ನು ಹೀರುವ ಬದಲು ಮೂಲೆಗೆ ಎಸೆಯುತ್ತದೆ. ಹಾಸಿಗೆ, ಸೋಫಾ, ಜಮಖಾನೆಗಳಿಗೆ ಮಾತ್ರ ತಿರುಗುವ ಪುಟ್ಟ ಬ್ರಷ್ಷು ಬೇಕೇ ಬೇಕು. ರಬ್ಬರಿನ ಹಲ್ಲುಗಳಿದ್ದರೆ ಕೂದಲು ಸುತ್ತಿಕೊಳ್ಳುವುದು ಕಡಿಮೆ. ಆ ಉರುಳೆಯನ್ನು ಸುಲಭವಾಗಿ ಹೊರತೆಗೆಯಬಹುದೇ ಎಂದು ಅಂಗಡಿಯಲ್ಲಿಯೇ ನೋಡಬೇಕು.

ಎರಡನೆಯದು ಸೋಸುವ ಜರಡಿ. ‘ಹೆಪಾ’ ಎಂಬ ಹೆಸರಿನ ಫಿಲ್ಟರು 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಹಿಡಿಯಬೇಕೆಂದು ಅಮೆರಿಕದ ನಿಯಮ. ಯೂರೋಪಿನ ಲೆಕ್ಕದಲ್ಲಿ ಎಚ್13 ಎಂಬ ದರ್ಜೆ ಇದಕ್ಕೆ ಸಮೀಪ. ‘ಹೆಪಾ ಮಾದರಿ’ ಎಂದು ಬರೆದದ್ದಕ್ಕೂ ಹೆಪಾಕ್ಕೂ ವ್ಯತ್ಯಾಸವಿದೆ. ಜರಡಿ ಎಷ್ಟು ಒಳ್ಳೆಯದಿದ್ದರೂ ಯಂತ್ರದ ಸಂದುಗಳಲ್ಲಿ ಗಾಳಿ ಸೋರಿದರೆ ಪ್ರಯೋಜನವಿಲ್ಲ.

ಮೂರನೆಯದು ಧೂಳು ಸೇರುವ ಪಾತ್ರೆ. ಚೀಲವಿಲ್ಲದ ಯಂತ್ರಕ್ಕೆ ಮತ್ತೆ ಮತ್ತೆ ಚೀಲ ಕೊಳ್ಳುವ ಖರ್ಚಿಲ್ಲ. ಆದರೆ ಡಬ್ಬಿ ಬರಿದು ಮಾಡುವಾಗ ಹಿಡಿದ ಧೂಳೆಲ್ಲ ಮುಖಕ್ಕೆ ಬರುತ್ತದೆ. ಉಬ್ಬಸವಿರುವ ಮನೆಗೆ ಕಾಗದದ ಅಥವಾ ಬಟ್ಟೆಯಂಥ ವಸ್ತುವಿನ, ಒಮ್ಮೆ ಬಳಸಿ ಬಾಯಿ ಮುಚ್ಚಿ ಎಸೆಯುವ ಚೀಲವೇ ಲೇಸು. ಅಂಥ ಚೀಲ ಹತ್ತಿರದ ಪೇಟೆಯಲ್ಲಿ ಸದಾ ದೊರೆಯುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ತಂತಿಯಿಲ್ಲದ ಬ್ಯಾಟರಿ ಯಂತ್ರಗಳು ಹಗುರ. ಬೆನ್ನುನೋವಿರುವ ಗೃಹಿಣಿಯರಿಗೆ ಅನುಕೂಲ. ಆದರೆ ಪೂರ್ಣ ಬಲದಲ್ಲಿ ಓಡಿಸಿದರೆ ಬ್ಯಾಟರಿ ಬೇಗನೆ ಬರಿದಾಗುತ್ತದೆ, ಕೆಲವು ವರ್ಷಗಳಲ್ಲಿ ಅದನ್ನು ಬದಲಿಸಬೇಕಾಗುತ್ತದೆ. ತಾನೇ ಓಡಾಡುವ ರೋಬೋಟ್ ಯಂತ್ರಗಳು ಸಮತಲದ ಫ್ಲಾಟುಗಳಿಗೆ ಸರಿ. ಸಾಮಾನ್ಯವಾಗಿ ಎರಡು ಸೆಂಟಿಮೀಟರಿಗಿಂತ ಹೆಚ್ಚಿನ ಎತ್ತರವನ್ನು ಹತ್ತಲಾರದ ಅವು ನಮ್ಮ ಮನೆಗಳ ಹೊಸ್ತಿಲಿನ ಮುಂದೆ ಕೈಮುಗಿದು ನಿಂತಾವು. ಮರಿನಾಯಿ ನೆಲದ ಮೇಲೆ ಗಲೀಜು ಮಾಡಿದ್ದರಂತೂ ಮನೆಯಿಡೀ ಬಳಿದುಬಿಡುತ್ತವೆ!

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದವರು ನಾವು. ಕೊನೆಗೆ ಕೊಂಡದ್ದು ತಂತಿಯೂ ಚೀಲವೂ ಹೆಪಾ ಜರಡಿಯೂ ಇರುವ, ಪುಟ್ಟ ತಿರುಗುಬ್ರಷ್ಷನ್ನು ಜೋಡಿಸಬಹುದಾದ 1000 ವ್ಯಾಟಿನ ಸಾಧಾರಣ ಯಂತ್ರ. ದಿನಕ್ಕೆ 20 ನಿಮಿಷ ಓಡಿಸಿದರೆ ತಿಂಗಳಿಗೆ 10 ಯೂನಿಟ್ ವಿದ್ಯುತ್ತು. ಪೆಟ್ಟಿಗೆಯೊಳಗಿನ ಸೂಚನಾ ಪುಸ್ತಿಕೆ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇತ್ತು. ಮುಖ್ಯವಾದುದನ್ನು ಕನ್ನಡದಲ್ಲಿ ಅರ್ಧ ಹಾಳೆಯ ಮೇಲೆ ಬರೆದು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದ್ದೇವೆ. ಯಂತ್ರವನ್ನು ನಡೆಸುವವರ ಭಾಷೆಯಲ್ಲಿ ಅದರ ವಿಧಿ ಇರಬೇಕಲ್ಲವೇ?

ಬಳಸುವ ಕ್ರಮ

ಯಂತ್ರ ಓಡುವಾಗಲೂ ಆ ಬಳಿಕ ಅರ್ಧ ಗಂಟೆಯೂ ರೋಗಿಯಾದ ಮಗು ಆ ಕೋಣೆಯಲ್ಲಿರಬಾರದು, ಕಿಟಕಿ ತೆರೆದಿರಬೇಕು. ಬಾಯಿಯನ್ನು ನಿಧಾನವಾಗಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎಳೆಯಬೇಕು. ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ನೆಲ ಒರಸಬೇಕು. ದಿಂಬು ಸೋಫಾಗಳ ಮೇಲೆ ಅಂಟಿದ ರೋಮವನ್ನು ಮೊದಲು ಒದ್ದೆಯಾದ ರಬ್ಬರ್ ಕೈಗವಸಿನಿಂದ ಸವರಿದರೆ ಅದು ಉಂಡೆಯಾಗಿ ಬರುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ. ಉರುಳೆಗೆ ಸುತ್ತಿದ ಕೂದಲನ್ನು ವಾರಕ್ಕೊಮ್ಮೆ ಕತ್ತರಿಯಿಂದ ಬಿಡಿಸಬೇಕು. ಆಗ ಪ್ಲಗ್ಗನ್ನು ಕಿತ್ತಿರಲೇಬೇಕು. ಒಲೆಯ ಬೂದಿಯನ್ನಾಗಲೀ, ನೀರನ್ನಾಗಲೀ ಸಾಧಾರಣ ಯಂತ್ರದಿಂದ ಹೀರಿಸಕೂಡದು.

ತೊಳೆಯಬಹುದಾದ ಜರಡಿಯನ್ನು ತೊಳೆದರೆ ಪೂರ್ಣವಾಗಿ ಒಣಗುವವರೆಗೆ ಯಂತ್ರಕ್ಕೆ ಹಾಕಬಾರದು. ನಮ್ಮ ಕರಾವಳಿಯ ಆಟಿ ತಿಂಗಳಲ್ಲಿ ಅಂಗಿಯೇ ಮೂರು ದಿನ ಒಣಗದಿರುವಾಗ ಜರಡಿ ಒಣಗೀತೇ? ಒದ್ದೆ ಜರಡಿಯಲ್ಲಿ ಬೂಷ್ಟು ಹಿಡಿದರೆ ಉಬ್ಬಸಕ್ಕೆ ಅದೊಂದು ಹೊಸ ಕಾರಣ. ಮಳೆಗಾಲಕ್ಕೆಂದು ಇನ್ನೊಂದು ಜರಡಿಯನ್ನು ತಂದಿಟ್ಟುಕೊಳ್ಳುವುದು ಜಾಣತನ. ಎಲ್ಲಕ್ಕಿಂತ ಅಗ್ಗದ ಉಪಾಯ, ಪ್ರಾಣಿಗಳ ಮೈಯನ್ನು ದಿನವೂ ಅಂಗಳದಲ್ಲಿ ಬಾಚುವುದು. ಬಾಚಣಿಗೆಗೆ ಬಂದ ರೋಮ ಮನೆಯೊಳಗೆ ಬೀಳದು.

ಈಗ ಹೇಗಿದೆ ಎಂದು ಕೇಳುವಿರಿ. ಯಂತ್ರ ಬಂದು ಏಳು ತಿಂಗಳಾಯಿತು. ಬೆಕ್ಕಿಗೆ ಜಗಲಿಯಲ್ಲಿ ಗೋಣಿಯ ಹಾಸಿಗೆ, ಕೋಣೆಯ ಬಾಗಿಲು ಹಗಲಿರುಳೂ ಮುಚ್ಚಿರುತ್ತದೆ. ರಾತ್ರಿ ಎದ್ದು ಕೂರುವುದು ಬಹಳ ಕಡಿಮೆಯಾಗಿದೆ, ಇಲ್ಲವೆಂದಲ್ಲ. ಇದು ಯಂತ್ರದ ಪುಣ್ಯವೋ, ತಪ್ಪದೆ ಕೊಟ್ಟ ಔಷಧದ ಗುಣವೋ, ಮುಚ್ಚಿದ ಬಾಗಿಲಿನ ಫಲವೋ ಎಂದು ಬಿಡಿಸಿ ಹೇಳಲು ನಾವು ವೈದ್ಯರಲ್ಲ. ಯಂತ್ರವೊಂದೇ ರೋಗವನ್ನು ಗುಣಪಡಿಸೀತೆಂದು ಯಾರೂ ನಂಬಬಾರದು. ಬರುವ ಮಳೆಗಾಲದಲ್ಲಿ ಉಬ್ಬಸ ಮತ್ತೆ ಬಲವಾದರೆ ಬೆಕ್ಕನ್ನು ತೋಟದಾಚೆಯ ನೆಂಟರ ಮನೆಗೆ ಕೊಡುವುದೆಂದು ಮಗುವಿನೊಡನೆಯೇ ಕುಳಿತು ನಿಶ್ಚಯಿಸಿದ್ದೇವೆ. ದಾರಿ ಹತ್ತಿರದ್ದೆಂದು ಅವಳಿಗೆ ಸಮಾಧಾನ.

ಶಾಲೆಯಲ್ಲಿಯೂ ಒಂದು ನಿಯಮ ಬದಲಾಗಿದೆ. ಈಗ ನೀರು ಚಿಮುಕಿಸದೆ ತರಗತಿ ಗುಡಿಸುವಂತಿಲ್ಲ, ಮಕ್ಕಳ ಕೈಗೆ ಹಿಡಿಸೂಡಿ ಕೊಡುವುದೂ ಇಲ್ಲ. ಕೆಮ್ಮು ಬರುತ್ತದೆಂದು ಯಾವ ಮಗು ಹೇಳಿದರೂ ಅದನ್ನು ನೆಪವೆಂದು ತಿಳಿಯದೆ ಮೊದಲು ಹೊರಗೆ ಗಾಳಿಗೆ ಕಳುಹಿಸುತ್ತೇವೆ, ಆ ಮೇಲೆ ಮನೆಯವರಿಗೆ ಹೇಳಿ ಕಳುಹಿಸುತ್ತೇವೆ.