ಕಟ್ಟುವುದು ಮತ್ತು ಬಿಚ್ಚುವುದು: ಶಾಸನ ದತ್ತಾಂಶದ ಸರಣೀಕರಣ

ಕನ್ನಡ ಶಾಸನಾಧ್ಯಯನಕ್ಕೆ ತಳಹದಿಯಾಗಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಹನ್ನೆರಡು ಸಂಪುಟಗಳು ಬಿ.ಎಲ್. ರೈಸ್ ಅವರ ಸಂಪಾದಕತ್ವದಲ್ಲಿ 1886ರಿಂದ 1905ರ ಅವಧಿಯಲ್ಲಿ ಪ್ರಕಟವಾದವು. ಇವುಗಳಲ್ಲಿ 1902ರಲ್ಲಿ ಹೊರಬಂದ ಐದನೆಯ ಸಂಪುಟವು ಹಾಸನ ಜಿಲ್ಲೆಗೆ ಮೀಸಲಾದುದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಈ ಮಾಲೆಯ ಪರಿಷ್ಕೃತ ಆವೃತ್ತಿಯನ್ನು ಹೊರತರತೊಡಗಿತು. ಮುದ್ರಿತ ಸಂಪುಟಗಳಲ್ಲಿರುವ ಈ ಅಪಾರ ಸಾಮಗ್ರಿಯನ್ನು ಗಣಕಕ್ಕೆ ಅಳವಡಿಸಿಕೊಂಡು ಪದಪ್ರಯೋಗ, ಸ್ಥಳನಾಮ, ದಾನಪದ್ಧತಿ, ಕಾಲಾನುಕ್ರಮ ಮೊದಲಾದವುಗಳನ್ನು ಪರಿಶೀಲಿಸುವ ಕ್ರಮ ಇಂದು ರೂಢಿಗೆ ಬಂದಿದೆ. ಆದರೆ ಹೀಗೆ ಅಳವಡಿಸಿದ ಪಾಠವು ಒಂದು ಕಡತದಿಂದ ಇನ್ನೊಂದು ಕಡತಕ್ಕೆ, ಒಬ್ಬ ಸಂಶೋಧಕನಿಂದ ಮತ್ತೊಬ್ಬನಿಗೆ ಸಾಗುವಾಗ ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲೂಕುಗಳ ಶಾಸನ ದತ್ತಾಂಶವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸರಣೀಕರಣದ ಕಲ್ಪನೆ

ಗಣಕದ ನೆನಪಿನಲ್ಲಿ ಒಂದು ಶಾಸನದ ದಾಖಲೆಯು ಮರದಂತೆ ಕವಲೊಡೆದಿರುತ್ತದೆ. ತಾಲೂಕು ಒಂದು ಕೊಂಬೆ, ಗ್ರಾಮ ಇನ್ನೊಂದು, ಶಾಸನಸಂಖ್ಯೆ ಮತ್ತೊಂದು. ಪಾಠವೆಂಬ ಕೊಂಬೆಯಲ್ಲಿ ಪಂಕ್ತಿಗಳೆಂಬ ರೆಂಬೆಗಳು. ಆದರೆ ಕಡತದಲ್ಲಿ ಬರೆಯುವಾಗ ಇವೆಲ್ಲವೂ ಒಂದರ ಹಿಂದೆ ಒಂದರಂತೆ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಕವಲೊಡೆದ ರಚನೆಯನ್ನು ಹೀಗೆ ಸಾಲಾಗಿಸುವ ಕ್ರಿಯೆಯೇ ಸರಣೀಕರಣ. ಸಾಲಾಗಿ ಕಟ್ಟುವುದು ಸಂಕೇತೀಕರಣ. ಕಟ್ಟಿದ್ದನ್ನು ಬಿಚ್ಚಿ ಮೂಲರಚನೆಯನ್ನು ಮರಳಿ ಪಡೆಯುವುದು ವಿಸಂಕೇತೀಕರಣ.

ಓಲೆಗರಿಯ ಕಟ್ಟುಗಳನ್ನು ಬಲ್ಲವರಿಗೆ ಈ ಕಲ್ಪನೆ ಅಪರಿಚಿತವಲ್ಲ. ಗರಿಗಳಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಮೇಲೂ ಕೆಳಗೂ ಹಲಗೆಯಿಟ್ಟು ಕಟ್ಟುವ ಮುನ್ನ ಗರಿಯ ಅಂಚಿನಲ್ಲಿ ಸಂಖ್ಯೆಯನ್ನು ಬರೆಯುವುದು ಲಿಪಿಕಾರರ ರೂಢಿ. ದಾರ ಕಡಿದು ಗರಿಗಳು ಚೆದುರಿದರೂ ಆ ಸಂಖ್ಯೆಗಳ ಆಧಾರದಿಂದ ಗ್ರಂಥವನ್ನು ಮತ್ತೆ ಜೋಡಿಸಬಹುದು. ಸಂಖ್ಯೆಯಿಲ್ಲದ ಗರಿಗಳೂ ಕಟ್ಟಿನಲ್ಲಿ ಅಷ್ಟೇ ಅಚ್ಚುಕಟ್ಟಾಗಿ ಕಾಣುತ್ತವೆ. ಕೊರತೆ ಗೋಚರಿಸುವುದು ಬಿಚ್ಚಿದಾಗ ಮಾತ್ರ. ಆದ್ದರಿಂದ ಕಟ್ಟಿನ ಯೋಗ್ಯತೆಯನ್ನು ಅದರ ಹೊರರೂಪದಿಂದ ನಿರ್ಧರಿಸಲಾಗದು. ಬಿಚ್ಚಿದಾಗ ದೊರೆಯುವುದು ಕಟ್ಟಿದ್ದೇ ಆಗಿದೆಯೆ ಎಂಬುದೇ ಅದಕ್ಕೆ ಒರೆಗಲ್ಲು.

ಪೈಥಾನ್, ಪಿಎಚ್‌ಪಿ ಮೊದಲಾದ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಈ ಕೆಲಸಕ್ಕೆಂದೇ ಸಿದ್ಧ ಲೈಬ್ರರಿಗಳಿವೆ. ಲೈಬ್ರರಿ ಎಂದರೆ ಇಲ್ಲಿ ಮತ್ತೆ ಮತ್ತೆ ಬಳಸಲೆಂದು ಬರೆದಿಟ್ಟ ಕಾರ್ಯವಿಧಾನಗಳ ಸಂಗ್ರಹ. 2008ರಲ್ಲಿ ಬಂದ 2.6ನೆಯ ಆವೃತ್ತಿಯಿಂದ ಪೈಥಾನ್ ಭಾಷೆಯೊಡನೆ ಜೇಸನ್ ಎಂಬ ಲೈಬ್ರರಿ ಸೇರಿಕೊಂಡಿದೆ. ಅದರಲ್ಲಿ ‘ಡಂಪ್ಸ್’ ಎಂಬ ವಿಧಾನವು ಕಟ್ಟುತ್ತದೆ, ‘ಲೋಡ್ಸ್’ ಎಂಬುದು ಬಿಚ್ಚುತ್ತದೆ. ಜೇಸನ್ ರೂಪದ ಕಡತವು ಸರಳ ಪಠ್ಯವಾದುದರಿಂದ ಅದನ್ನು ಮನುಷ್ಯರೂ ಓದಬಹುದು, ಬೇರೆ ಭಾಷೆಗಳ ತಂತ್ರಾಂಶಗಳೂ ಓದಬಹುದು.

ಅಕ್ಷರ: ಕಾಣುವ ರೂಪ ಮತ್ತು ಉಳಿಯುವ ರೂಪ

ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತಗಳಲ್ಲಿ ಕನ್ನಡದ ಅಕ್ಷರಗಳು ಅಕ್ಷರಗಳಾಗಿ ಇರಲಿಲ್ಲ. ರೋಮನ್ ಅಕ್ಷರ ಮತ್ತು ಚಿಹ್ನೆಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಲಾಗಿತ್ತು. ಅಕ್ಷರವಿನ್ಯಾಸ ಇರುವವರೆಗೆ ಪಾಠ ಸೊಗಸಾಗಿ ಕಾಣುತ್ತಿತ್ತು. ಅದು ಇಲ್ಲವಾದೊಡನೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಉಳಿಯುತ್ತಿತ್ತು. ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ದೊರೆತಿವೆ. ಹಕಾರಕ್ಕೆ 3257, ಱಕಾರಕ್ಕೆ 3249, ೞಕಾರಕ್ಕೆ 3294 ಎಂಬಂತೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಯುನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದ್ದು, ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮದಿಂದಾಗಿ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ. ಹೆಸರು ತಪ್ಪಾದರೂ ಸಂಖ್ಯೆ ಸ್ಥಿರವಾಗಿರುವುದರಿಂದ ಪಾಠಕ್ಕೆ ಬಾಧೆಯಿಲ್ಲ.

ಪೈಥಾನ್‌ನ ಜೇಸನ್ ಲೈಬ್ರರಿಯನ್ನು ಮೊದಲ ಸಲ ಬಳಸುವ ಕನ್ನಡಿಗರಿಗೆ ಒಂದು ಗಾಬರಿ ಸಹಜ. ‘ಹಾಸನ’ ಎಂದು ಕೊಟ್ಟರೆ ಕಡತದಲ್ಲಿ ಕನ್ನಡವೇ ಕಾಣುವುದಿಲ್ಲ. ನಾಲ್ಕು ಸಂಕೇತಗಳಿಗೆ ತಲಾ ಆರರಂತೆ 24 ರೋಮನ್ ಚಿಹ್ನೆಗಳು ಕಾಣುತ್ತವೆ. ಇದು ಲೈಬ್ರರಿಯ ಪೂರ್ವನಿಯೋಜಿತ ಕ್ರಮವೇ ಹೊರತು ದೋಷವಲ್ಲ. ಬಿಚ್ಚಿದಾಗ ‘ಹಾಸನ’ ಎಂಬುದು ಯಥಾವತ್ತಾಗಿ ಮರಳಿ ಬರುತ್ತದೆ. ಈ ಆಯ್ಕೆಯನ್ನು ನಿವಾರಿಸಿದರೆ ಕಡತದಲ್ಲಿಯೂ ಕನ್ನಡ ಅಕ್ಷರಗಳೇ ಉಳಿಯುತ್ತವೆ. ಹಳೆಯ ಅಕ್ಷರವಿನ್ಯಾಸದ ಕಡತವು ಕಣ್ಣಿಗೆ ಸರಿಯಾಗಿದ್ದು ಒಳಗೆ ಕೆಟ್ಟಿತ್ತು. ಇದು ಕಣ್ಣಿಗೆ ಕೆಟ್ಟಂತಿದ್ದು ಒಳಗೆ ಸರಿಯಾಗಿದೆ.

ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ ಬೇರೆಯಿದೆ. ‘ಹೊಳೆನರಸೀಪುರ’ ಎಂಬ ಹೆಸರನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಾಗಿ ಬರೆಯಲು ಅವಕಾಶವಿದೆ. ಒತ್ವದ ಚಿಹ್ನೆಯನ್ನು 3274 ಎಂಬ ಒಂದೇ ಸಂಕೇತವಾಗಿ ಬರೆಯಬಹುದು. ಇಲ್ಲವೆ ಎತ್ವ ಮತ್ತು ಊತ್ವಗಳನ್ನು, ಅಂದರೆ 3270 ಮತ್ತು 3266ನ್ನು, ಒಂದರ ಮುಂದೊಂದಿಟ್ಟು ಬರೆಯಬಹುದು. ಈತ್ವದ ಚಿಹ್ನೆಗೂ ಹೀಗೆಯೇ ಎರಡು ದಾರಿಗಳಿವೆ. ಮೊದಲ ಬಗೆಯಲ್ಲಿ ಈ ಹೆಸರು 11 ಸಂಕೇತಗಳದ್ದು, ಎರಡನೆಯದರಲ್ಲಿ 13. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಗಣಕಕ್ಕೆ ಮಾತ್ರ ಅವು ಎರಡು ಊರುಗಳು. ಇಬ್ಬರು ಸಂಶೋಧಕರ ಕಡತಗಳನ್ನು ಕೂಡಿಸಿದಾಗ ಒಂದೇ ತಾಲೂಕಿನ ಶಾಸನಗಳು ಎರಡು ರಾಶಿಗಳಾಗಿ ಒಡೆದುಹೋಗುವುದು ಹೀಗೆ. ಕಟ್ಟುವ ಮುನ್ನವೇ ಪಾಠವನ್ನು ಒಂದು ರೂಪಕ್ಕೆ ತರುವ ಸಾಮಾನ್ಯೀಕರಣದ ವಿಧಾನವು ಪೈಥಾನ್‌ನಲ್ಲಿ ಲಭ್ಯವಿದ್ದು, ಅದರಿಂದ ಈ ತೊಡಕು ಪರಿಹಾರವಾಗುತ್ತದೆ.

ಆದರೆ ಎಲ್ಲ ಭೇದಗಳೂ ಸಾಮಾನ್ಯೀಕರಣಕ್ಕೆ ಬಗ್ಗುವುದಿಲ್ಲ. ‘ಅರ್ಕಲಗೂಡು’ ಎಂದು ಅರ್ಕಾವೊತ್ತಿನಿಂದ ಬರೆಯುವುದು ಒಂದು ರೂಢಿ. ‘ಅರ‍್ಕಲಗೂಡು’ ಎಂದು ರಕಾರದ ಕೆಳಗೆ ಕಕಾರದ ಒತ್ತಿಟ್ಟು ಬರೆಯುವುದು ಇನ್ನೊಂದು. ಎರಡನೆಯ ರೂಪದಲ್ಲಿ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಅಡಗಿರುತ್ತದೆ. ಸಾಮಾನ್ಯೀಕರಣವು ಅದನ್ನು ತೆಗೆಯುವುದಿಲ್ಲ. ‘ಅರಕಲಗೂಡು’ ಎಂಬ ಪ್ರಚಲಿತ ರೂಪವನ್ನೂ ಸೇರಿಸಿದರೆ ಒಂದೇ ಊರಿಗೆ ಮೂರು ಬರವಣಿಗೆಗಳಾದವು. ಶಾಸನಪಾಠದಲ್ಲಿ ಅರ್ಕಾವೊತ್ತಿನ ಬರವಣಿಗೆ ಲಿಪಿವಿಕಾಸದ ಸಾಕ್ಷ್ಯವಾಗಬಲ್ಲುದರಿಂದ ಅಲ್ಲಿ ಅದನ್ನು ಅಳಿಸಬಾರದು. ತಾಲೂಕಿನ ಹೆಸರಿನಲ್ಲಿ ಮಾತ್ರ ಏಕರೂಪತೆ ಬೇಕು. ಎಲ್ಲಿ ಉಳಿಸಬೇಕು, ಎಲ್ಲಿ ಸಮಗೊಳಿಸಬೇಕು ಎಂಬ ವಿವೇಚನೆ ಲೈಬ್ರರಿಯದಲ್ಲ, ಸಂಪಾದಕನದು. ಓದಿನ ಸೌಲಭ್ಯಕ್ಕಾಗಿ ೞಕಾರವನ್ನು ಳಕಾರವಾಗಿಯೂ ಱಕಾರವನ್ನು ರಕಾರವಾಗಿಯೂ ಬದಲಿಸಿ ಕಟ್ಟಿದರೆ, ಎಷ್ಟು ಸಲ ಬಿಚ್ಚಿದರೂ ಅವು ಮರಳಿ ಬರುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಸಂಖ್ಯೆ: ನಾಲ್ಕು ತಾಲೂಕುಗಳ ಒಂದನೆಯ ಶಾಸನ

ರೈಸ್ ಅವರು ಶಾಸನಗಳಿಗೆ ತಾಲೂಕುವಾರು ಸಂಖ್ಯೆ ಕೊಟ್ಟರು. ಇದರಿಂದಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕಕ್ಕೂ ತಮ್ಮ ತಮ್ಮ ಒಂದನೆಯ ಶಾಸನವಿದೆ. ಮುದ್ರಿತ ಸಂಪುಟದಲ್ಲಿ ತಾಲೂಕಿನ ಶೀರ್ಷಿಕೆಯಿರುವುದರಿಂದ ಗೊಂದಲಕ್ಕೆ ಎಡೆಯಿಲ್ಲ. ಆದರೆ ಜೇಸನ್ ಕಡತದಲ್ಲಿ ದಾಖಲೆಗಳನ್ನು ಗುರುತಿಸುವ ಕೀಲಿಪದವಾಗಿ ಬರಿಯ ಶಾಸನಸಂಖ್ಯೆಯನ್ನೇ ಇಟ್ಟು ನಾಲ್ಕು ತಾಲೂಕುಗಳನ್ನೂ ಒಂದುಗೂಡಿಸಿದರೆ, ಒಂದೇ ಕೀಲಿಪದ ನಾಲ್ಕು ಸಲ ಬರುತ್ತದೆ. ಪೈಥಾನ್‌ನ ಲೈಬ್ರರಿ ಬಿಚ್ಚುವಾಗ ಕೊನೆಯದನ್ನು ಉಳಿಸಿಕೊಂಡು ಮೊದಲ ಮೂರನ್ನು ಬಿಟ್ಟುಬಿಡುತ್ತದೆ. ದೋಷಸೂಚನೆಯೊಂದೂ ಬರುವುದಿಲ್ಲ. ಸಂಶೋಧಕನ ಮುಂದಿರುವುದು ಅಚ್ಚುಕಟ್ಟಾದ ಪಟ್ಟಿಯೇ. ಅದರಿಂದ ಅವನು ತೆಗೆಯುವ ಅಂಕಿಅಂಶಗಳು ಮಾತ್ರ ಇಡೀ ತಾಲೂಕುಗಳನ್ನು ನುಂಗಿಕೊಂಡಿರುತ್ತವೆ.

ಇದಲ್ಲದೆ, ಜೇಸನ್‌ನಲ್ಲಿ ಕೀಲಿಪದವು ಯಾವಾಗಲೂ ಅಕ್ಷರಮಾಲೆಯೇ ಆಗಿರಬೇಕು. 10 ಎಂಬ ಸಂಖ್ಯೆಯನ್ನು ಕೀಲಿಪದವಾಗಿ ಕಟ್ಟಿದರೆ ಬಿಚ್ಚಿದಾಗ ದೊರೆಯುವುದು ಒಂದು ಮತ್ತು ಸೊನ್ನೆಗಳೆಂಬ ಎರಡು ಚಿಹ್ನೆಗಳ ಪದ. ಅವುಗಳನ್ನು ಕ್ರಮವಾಗಿ ಜೋಡಿಸಿದರೆ ಅಕಾರಾದಿಯ ನ್ಯಾಯದಂತೆ 1, 10, 11, 2 ಎಂಬ ಅನುಕ್ರಮ ಬರುತ್ತದೆ.

ಚನ್ನರಾಯಪಟ್ಟಣ ತಾಲೂಕಿನಲ್ಲಿರುವ ಶ್ರವಣಬೆಳಗೊಳದ ಉದಾಹರಣೆ ಇನ್ನಷ್ಟು ಬೋಧಪ್ರದ. ಅಲ್ಲಿನ ಶಾಸನಗಳಿಗೆ ಎರಡನೆಯ ಸಂಪುಟ ಪ್ರತ್ಯೇಕವಾಗಿ ಮೀಸಲಾಗಿದೆ. 1889ರಲ್ಲಿ ರೈಸ್ ಅವರು ಪ್ರಕಟಿಸಿದ ಶಾಸನಗಳು 144, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಅವು 500 ಆದವು. 1973ರ ಪರಿಷ್ಕೃತ ಆವೃತ್ತಿಯಲ್ಲಿ 573. ಹೀಗಾಗಿ ಒಂದೇ ಶಿಲೆಗೆ ಮೂರು ಆವೃತ್ತಿಗಳಲ್ಲಿ ಮೂರು ಸಂಖ್ಯೆಗಳಿರುವುದು ಸಾಧ್ಯ. ಹಿಂದಿನ ವಿದ್ವಾಂಸರ ಉಲ್ಲೇಖಗಳು ಹಳೆಯ ಸಂಖ್ಯೆಯನ್ನು ಅವಲಂಬಿಸಿರುವುದರಿಂದ ಯಾವುದನ್ನೂ ಕೈಬಿಡುವಂತಿಲ್ಲ. ಆವೃತ್ತಿ, ತಾಲೂಕು ಅಥವಾ ಸ್ಥಳ, ಸಂಖ್ಯೆ ಈ ಮೂರನ್ನೂ ಸೇರಿಸಿ ಕೀಲಿಪದವನ್ನು ರಚಿಸುವುದು, ಉಳಿದ ಆವೃತ್ತಿಗಳ ಸಂಖ್ಯೆಗಳನ್ನು ದಾಖಲೆಯ ಒಳಗೆ ಇಡುವುದು ಇದಕ್ಕೆ ತಕ್ಕ ಮಾರ್ಗ.

ಕಾಲ ಮತ್ತು ಮೌನ

ಕಾಲಸೂಚನೆಯಲ್ಲಿಯೂ ಇಂಥದೇ ಎಚ್ಚರ ಅಗತ್ಯ. ಜೇಸನ್‌ನಲ್ಲಿ ಸಂಖ್ಯೆಯೆಂದು ಮಾನ್ಯವಾಗುವುದು ಅಂತಾರಾಷ್ಟ್ರೀಯ ಅಂಕಿಗಳು ಮಾತ್ರ. ಕನ್ನಡ ಅಂಕಿಗಳಲ್ಲಿರುವ ವರ್ಷವನ್ನು ಪೈಥಾನ್ ಭಾಷೆ ಸಂಖ್ಯೆಯಾಗಿ ಪರಿವರ್ತಿಸಬಲ್ಲುದಾದರೂ ಜೇಸನ್ ಕಡತದಲ್ಲಿ ಅವು ಪಠ್ಯವಾಗಿಯೇ ಇರಬೇಕು. ಶಕವರ್ಷಕ್ಕೆ ಸಾಮಾನ್ಯವಾಗಿ 78ನ್ನು ಕೂಡಿಸಿ ಕ್ರಿಸ್ತಶಕವನ್ನು ಪಡೆಯಲಾಗುತ್ತದೆ. ಆದರೆ ಶಾಸನೋಕ್ತ ವರ್ಷ ಗತವೊ ವರ್ತಮಾನವೊ, ತಿಥಿಯು ವರ್ಷಾಂತ್ಯದ ಮಾಸಗಳಲ್ಲಿ ಬರುತ್ತದೆಯೊ ಎಂಬುದನ್ನು ಅನುಸರಿಸಿ ಒಂದು ವರ್ಷದ ವ್ಯತ್ಯಾಸವಾಗುತ್ತದೆ. ಹಾಸನ ತಾಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದ ಕಾಲವನ್ನು 1113 ಎಂದು ಕೆಲವರೂ 1114 ಎಂದು ಕೆಲವರೂ ಬರೆದಿರುವುದನ್ನು ಗಮನಿಸಬಹುದು. ಪರಿವರ್ತಿತ ವರ್ಷವನ್ನಷ್ಟೇ ಕಟ್ಟಿದರೆ ಅದು ಸಂಪಾದಕನ ನಿರ್ಣಯವೆಂಬ ಸಂಗತಿಯೇ ಮರೆಯಾಗುತ್ತದೆ. ಶಾಸನದ ಶಕವರ್ಷ, ಸಂವತ್ಸರ, ತಿಥಿಗಳ ಮೂಲಪಾಠವನ್ನು ಒಂದು ಕಡೆ, ನಿರ್ಣಯಿಸಿದ ವರ್ಷವನ್ನು ಮತ್ತೊಂದು ಕಡೆ ಇಡುವುದು ಉಚಿತ.

ಶಾಸನದ ಮೌನಕ್ಕೆ ಮೂರು ಬಗೆಗಳಿವೆ. ಕಾಲಸೂಚನೆಯ ಭಾಗವು ಅಳಿಸಿಹೋಗಿರಬಹುದು. ಶಾಸನದಲ್ಲಿ ಕಾಲಸೂಚನೆಯೇ ಇಲ್ಲದಿರಬಹುದು. ಅಥವಾ ದಾಖಲಿಸುವವನು ಆ ಅಂಶವನ್ನು ಇನ್ನೂ ಪರಿಶೀಲಿಸದಿರಬಹುದು. ಶೂನ್ಯಮೌಲ್ಯ, ಖಾಲಿ ಪಠ್ಯ, ಕೀಲಿಪದವೇ ಇಲ್ಲದಿರುವಿಕೆ ಎಂಬ ಮೂರು ಭಿನ್ನ ಸ್ಥಿತಿಗಳನ್ನು ಜೇಸನ್ ಉಳಿಸಿಕೊಳ್ಳಬಲ್ಲುದು. ಯಾವುದಕ್ಕೆ ಯಾವ ಅರ್ಥವೆಂದು ಮೊದಲೇ ನಿಗದಿಪಡಿಸದಿದ್ದರೆ, ‘ಕಾಲನಿರ್ದೇಶವಿಲ್ಲದ ಶಾಸನಗಳು’ ಎಂಬ ಗಣನೆಯಲ್ಲಿ ಓದದ ಶಾಸನಗಳೂ ಸೇರಿಕೊಳ್ಳುತ್ತವೆ. ಮುದ್ರಿತ ಸಂಪುಟಗಳಲ್ಲಿ ಆವರಣಗಳಿಂದಲೂ ಚುಕ್ಕಿಗಳಿಂದಲೂ ಸೂಚಿತವಾಗುವ ಸಂದಿಗ್ಧ ಮತ್ತು ಲುಪ್ತ ಅಕ್ಷರಗಳ ವಿಷಯದಲ್ಲಿಯೂ ಈ ಮಾತು ಅನ್ವಯಿಸುತ್ತದೆ.

ವಿಧಾನದ ಆಯ್ಕೆ

ಪಿಎಚ್‌ಪಿ ಭಾಷೆಯ ‘ಸೀರಿಯಲೈಸ್’ ಎಂಬ ವಿಧಾನವು ಪ್ರತಿ ಪದದ ಹಿಂದೆ ಅದರ ಉದ್ದವನ್ನು ಬೈಟುಗಳಲ್ಲಿ ಬರೆದಿಡುತ್ತದೆ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟುಗಳು. ‘ಅರಕಲಗೂಡು’ ಎಂಬಲ್ಲಿ ಎಂಟು ಸಂಕೇತಗಳಿರುವುದರಿಂದ ಅದರ ಉದ್ದ 24. ಯಾರಾದರೂ ಕಡತವನ್ನು ತೆರೆದು ಅದನ್ನು ‘ಅರ್ಕಲಗೂಡು’ ಎಂದು ಕೈಯಿಂದ ತಿದ್ದಿದರೆ ಉದ್ದ 27 ಆಗುತ್ತದೆ. ಹಿಂದೆ ಬರೆದ 24 ಹಾಗೆಯೇ ಉಳಿಯುತ್ತದೆ. ಬಿಚ್ಚುವ ವಿಧಾನವು ಆ ಪದವನ್ನಷ್ಟೇ ಅಲ್ಲ, ಇಡೀ ಕಟ್ಟನ್ನೇ ನಿರಾಕರಿಸುತ್ತದೆ. ಪಾಠಪರಿಷ್ಕರಣ ನಿರಂತರವಾಗಿ ನಡೆಯುವ ಕ್ಷೇತ್ರಕ್ಕೆ ಇಂಥ ರೂಪ ಒಗ್ಗುವುದಿಲ್ಲ. ಪೈಥಾನ್‌ನ ‘ಪಿಕಲ್’ ಎಂಬ ಇನ್ನೊಂದು ಲೈಬ್ರರಿ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಉಳಿಸುತ್ತದೆ ನಿಜ. ಆದರೆ ಅದರ ಕಟ್ಟನ್ನು ಬಿಚ್ಚುವಾಗ ಒಳಗಿರುವ ಆದೇಶಗಳೂ ಜಾರಿಯಾಗಬಲ್ಲವಾದ್ದರಿಂದ ನಂಬಿಕೆಯಿಲ್ಲದ ಮೂಲದ ಕಡತವನ್ನು ಬಿಚ್ಚಬಾರದೆಂದು ಆ ಭಾಷೆಯ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ. ವಿದ್ವಾಂಸರ ನಡುವಿನ ವಿನಿಮಯಕ್ಕೆ ಜೇಸನ್ ಹೆಚ್ಚು ಸೂಕ್ತ. 2017ರ ಅಂತರಜಾಲ ಮಾನಕವು ವಿನಿಮಯಗೊಳ್ಳುವ ಜೇಸನ್ ಪಠ್ಯ ಯುಟಿಎಫ್-8ರಲ್ಲಿಯೇ ಇರಬೇಕೆಂದು ವಿಧಿಸಿರುವುದರಿಂದ ಕನ್ನಡಕ್ಕೆ ಅದು ಅನುಕೂಲಕರವೂ ಹೌದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕಡತ ತೆರೆಯದಿದ್ದರೆ ನಷ್ಟ ಒಡನೆಯೇ ತಿಳಿಯುತ್ತದೆ; ತೆರೆದೂ ಅಪೂರ್ಣವಾಗಿದ್ದರೆ ತಿಳಿಯುವುದಿಲ್ಲ. ಹೀಗೆ ಸದ್ದಿಲ್ಲದೆ ಕಳೆಯುವಂಥವು ಸಂಖ್ಯೆಯ ಅನನ್ಯತೆ, ಬರವಣಿಗೆಯ ಭೇದ, ಸಂಪಾದಕನ ಸಂದೇಹ, ಶಿಲೆಯ ಮೌನ. ಶಾಸನಶಾಸ್ತ್ರ ನಿಂತಿರುವುದೇ ಇವುಗಳ ಮೇಲೆ. ಆದ್ದರಿಂದ ದಾಖಲೆಯ ರಚನೆಯನ್ನು ನಿರ್ಧರಿಸುವ ಹೊಣೆಯನ್ನು ತಂತ್ರಜ್ಞರಿಗೆ ಬಿಟ್ಟುಕೊಟ್ಟು ಕನ್ನಡ ವಿದ್ವಾಂಸರು ಬೆರಳಚ್ಚಿಗಷ್ಟೇ ಸೀಮಿತರಾಗುವುದು ಸಲ್ಲದು. ಪಾಠವನ್ನು ಕಟ್ಟಿ, ಕೂಡಲೇ ಬಿಚ್ಚಿ, ಮೂಲದೊಡನೆ ಸಂಕೇತ ಸಂಕೇತವಾಗಿ ಹೋಲಿಸುವುದು. ಕಟ್ಟುವ ಮುನ್ನ ಮತ್ತು ಬಿಚ್ಚಿದ ನಂತರ ಪ್ರತಿ ತಾಲೂಕಿನ ಶಾಸನಗಳನ್ನು ಎಣಿಸುವುದು. ಒಮ್ಮತಕ್ಕೆ ಬಂದ ನಿಯಮಗಳನ್ನು ಕಡತದೊಡನೆಯೇ ಬರೆದಿಡುವುದು: ಇವು ಹೆಚ್ಚಿನ ತಾಂತ್ರಿಕ ಪರಿಣತಿಯನ್ನು ಬೇಡುವುದಿಲ್ಲ. ಪ್ರತಿಯನ್ನು ಮೂಲದೊಡನೆ ಒಪ್ಪವಿಟ್ಟು ನೋಡುವುದು ಗ್ರಂಥಸಂಪಾದನೆಯ ಮೊದಲ ಪಾಠ. ಶಾಸನ ದತ್ತಾಂಶದ ಕಡತಕ್ಕೂ ಅದನ್ನೇ ಅನ್ವಯಿಸಬೇಕಾಗಿದೆ.