ಕಡಲೂರು ಅಂದರೆ ಏನಂದುಕೊಂಡಿದ್ದೀರಿ?

ಮಾವಿನ ಫಸಲು ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ರಾಮನಗರದ ಕೈಲಾಂಚ ಹೋಬಳಿಯ ಮನೆಗಳಲ್ಲಿ ‘ಈ ಸಲ ಸಮುದ್ರ ನೋಡ್ಕೊಂಡ್ ಬರಾಣ’ ಎಂಬ ಮಾತು ಏಳುತ್ತದೆ. ಹುಡುಗರು ಮೊಬೈಲಿನಲ್ಲಿ ಗ್ರೀಸ್ ದ್ವೀಪಗಳ ಬಿಳಿ ಮನೆ, ನೀಲಿ ಬಾಗಿಲು ತೋರಿಸಿ ‘ಇಂಥ ಜಾಗ ನಮ್ ಕಡೆ ಎಲ್ಲೈತೆ?’ ಅನ್ನುತ್ತಾರೆ. ‘ಗೋಕರ್ಣಕ್ಕೆ ಹೋದ್ರೆ ದೇವ್ರೂ ಆಯ್ತು, ಸಮುದ್ರಾನೂ ಆಯ್ತು’ ಎಂದು ಹಿರಿಯರು ಮಾತು ಮುಗಿಸುತ್ತಾರೆ. ಇಬ್ಬರಿಗೂ ಬೇಕಾಗಿರುವುದು ಒಂದೇ: ಗದ್ದಲವಿಲ್ಲದ ಒಂದು ಕಡಲೂರು, ಅಲ್ಲಿ ಎರಡು ರಾತ್ರಿ ಮಲಗಲು ಒಂದು ಒಳ್ಳೆಯ ಮನೆ. ನಮ್ಮ ರಾಜ್ಯಕ್ಕೆ 300 ಕಿ.ಮೀ.ಗೂ ಹೆಚ್ಚು ಉದ್ದದ ಕರಾವಳಿ ಇದೆ, ಅಂಥ ಊರುಗಳಿಗೆ ಬರವಿಲ್ಲ. ಆದರೂ ಹೋದವರು ಸುಸ್ತಾಗಿ, ಬೈದುಕೊಂಡು ವಾಪಸ್ ಬರುವುದುಂಟು. ಬಸ್ಸು ಹತ್ತುವ ಮೊದಲೇ ತಲೆಯಲ್ಲಿ ತುಂಬಿಕೊಂಡಿರುವ ಕೆಲವು ತಪ್ಪು ಎಣಿಕೆಗಳೇ ಇದಕ್ಕೆ ಕಾರಣ.

‘ಗೋವಾ ಗಲಾಟೆ, ಗೋಕರ್ಣ ಪ್ರಶಾಂತ’

ಒಂದು ಕಾಲಕ್ಕೆ ಇದು ನಿಜವಿತ್ತು. ಈಗ ಶನಿವಾರ ಬೆಳಿಗ್ಗೆ ಕುಡ್ಲೆಯಲ್ಲೋ ಓಂ ಬೀಚಿನಲ್ಲೋ ನಿಂತು ನೋಡಿ, ಬೆಂಗಳೂರಿನ ಅರ್ಧ ಕಚೇರಿ ಅಲ್ಲೇ ಇರುತ್ತದೆ. ಶಿವರಾತ್ರಿಯ ತೇರಿನ ದಿನಗಳಲ್ಲಂತೂ ಊರೊಳಗೆ ಕಾಲಿಡಲು ಜಾಗ ಸಾಲದು. ಅದೇ ಗೋಕರ್ಣ ಮಂಗಳವಾರ, ಬುಧವಾರ ಬೇರೆಯೇ ಊರು. ನಡೆದೋ ದೋಣಿಯಲ್ಲೋ ಮಾತ್ರ ತಲುಪಬಹುದಾದ ಹಾಫ್‌ಮೂನ್, ಪ್ಯಾರಡೈಸ್ ಕಡೆಗೆ ಹೋದರಂತೂ ಜನ ಇನ್ನೂ ಕಡಿಮೆ. ಹಾಗಾಗಿ ಯಾವ ಊರು ಎಂದು ಹುಡುಕುವ ಮುಂಚೆ ಯಾವ ವಾರ ಎಂದು ನೋಡಬೇಕು. ರೇಷ್ಮೆ ಸಾಕುವವರಿಗೆ ಇದು ಕಷ್ಟವಲ್ಲ. ಗೂಡು ಮಾರಿ ಮುಂದಿನ ಚಾಕಿ ತರುವವರೆಗಿನ ಬಿಡುವು ಭಾನುವಾರಕ್ಕೇ ಬರಬೇಕೆಂದಿಲ್ಲವಲ್ಲ.

ಊರನ್ನು ಹುಡುಕುವುದಕ್ಕೂ ಒಂದು ದಾರಿಯಿದೆ. ನಕ್ಷೆ ಬಿಡಿಸಿ ನದಿ ಸಮುದ್ರ ಸೇರುವ ಬಾಯಿಗಳನ್ನು ನೋಡಿ. ರಾಷ್ಟ್ರೀಯ ಹೆದ್ದಾರಿ 66 ಹೆಚ್ಚಿನ ನದಿಗಳನ್ನು ಒಳಗಡೆ, ಸೇತುವೆ ಕಟ್ಟಲು ಅನುಕೂಲವಾದ ಕಡೆ ದಾಟುತ್ತದೆ. ಅಳಿವೆಯ ತುದಿಯ ಊರುಗಳು ತಮ್ಮ ಪಾಡಿಗೆ ಹೊರಗೆ ಉಳಿಯುತ್ತವೆ. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ ಅಂಥದ್ದು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸುವರ್ಣಾ, ಉತ್ತರಕ್ಕೆ ಸೀತಾ ನದಿಯೂ ಬಂದು ಕೂಡುವ ಅಳಿವೆ, ಅದರಾಚೆ ಹಂಗಾರಕಟ್ಟೆ. ರಸ್ತೆ ಅಲ್ಲಿಗೇ ಮುಗಿಯುತ್ತದೆ. ಮುಂದೆ ಎಲ್ಲಿಗೂ ಹೋಗದ ರಸ್ತೆಯಲ್ಲಿ ಲಾರಿ ಏಕೆ ಬರುತ್ತದೆ? ಮಲ್ಪೆಯ ಜಾತ್ರೆಯಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಈ ಊರು. ಇಲ್ಲಿಗೂ ವಾರಾಂತ್ಯಕ್ಕೆ ಕಯಾಕ್ ಹತ್ತುವವರು ಬರತೊಡಗಿದ್ದಾರೆ, ಆದರೆ ಸಂಜೆಯಾಗುತ್ತಲೇ ಹೊರಟುಬಿಡುತ್ತಾರೆ.

ಕುಮಟಾ ತಾಲ್ಲೂಕಿನ ಅಘನಾಶಿನಿ ಇನ್ನೊಂದು. ನದಿಯ ಹೆಸರೇ ಊರಿಗೂ ಇದೆ. ಎದುರು ದಡದ ತದಡಿಯಿಂದ ದೋಣಿಯಲ್ಲಿ ದಾಟಬಹುದು. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಿನಲ್ಲಿ ತಡಕಿ ಬೆಳಚು ಹೆಕ್ಕುತ್ತಾರೆ. ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರ ಆರಂಭದಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಜೊತೆಯಲ್ಲೇ ‘ಮಾಗಡಿ ಕೆರೆ’ಯೂ ಸೇರಿದಾಗ ನಮ್ಮ ಜಿಲ್ಲೆಯಲ್ಲಿ ಕೆಲವರು ಹಿಗ್ಗಿದ್ದುಂಟು. ಅದು ಗದಗ ಜಿಲ್ಲೆಯ ಮಾಗಡಿ, ಕೆಂಪೇಗೌಡರ ಮಾಗಡಿಯಲ್ಲ.

‘ರಸ್ತೆ ಪಕ್ಕಾನೇ ಸಮುದ್ರ ಇರೋ ಕಡೆ ರೂಮ್ ಮಾಡಿ’

ಇದು ಮರವಂತೆಯ ಫೋಟೊ ಮಾಡಿದ ಮೋಡಿ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಹೆದ್ದಾರಿ. ನೋಡಲು ಅಷ್ಟು ಚೆಂದದ ಇನ್ನೊಂದು ರಸ್ತೆ ಸಿಗುವುದು ಕಷ್ಟ, ಒಪ್ಪಿದೆ. ಆದರೆ ಮಂಗಳೂರಿನಿಂದ ಕಾರವಾರ, ಗೋವಾದ ಕಡೆಗೆ ಹೋಗುವ ಲಾರಿಗಳಿಗೂ ಅದೇ ದಾರಿ. ರಾತ್ರಿ ಎರಡಕ್ಕೆ ಅಲೆಯ ಸದ್ದು ಕೇಳಬೇಕೆಂದು ಬಂದವರು ಏರ್ ಹಾರ್ನ್ ಕೇಳುತ್ತಾರೆ. ಮರವಂತೆಯಲ್ಲಿ ಸಂಜೆ ನಿಂತು ಸೂರ್ಯಾಸ್ತ ನೋಡಿ, ಮಲಗಲು ಹೆದ್ದಾರಿಯಿಂದ ಕಡಲ ಕಡೆಗಿರುವ ಒಳ ಊರಿಗೆ ಹೋಗಿ. ಮನೆಯಿಂದ ಹೆದ್ದಾರಿ ಎಷ್ಟು ದೂರ, ಕೊಂಕಣ ರೈಲ್ವೆ ಹಳಿ ಎಷ್ಟು ದೂರ ಎಂದು ಕೇಳಿಕೊಳ್ಳಿ. ಈ ಎರಡು ಪ್ರಶ್ನೆ ಕೇಳದೆ ಮುಂಗಡ ಕಟ್ಟಬಾರದು.

ಇದಕ್ಕೆ ಅಂಟಿಕೊಂಡ ಇನ್ನೊಂದು ಆಸೆ, ಬಾಗಿಲು ತೆಗೆದರೆ ಕಾಲಿಗೆ ನೀರು ತಾಗಬೇಕು ಎಂಬುದು. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯ ಪ್ರಕಾರ, ಜನಸಾಂದ್ರತೆ ಕಡಿಮೆಯಿರುವ ಹಳ್ಳಿಗಾಡಿನ ತೀರದಲ್ಲಿ ಭರತದ ಗೆರೆಯಿಂದ 200 ಮೀಟರ್, ಜನ ಒತ್ತಾಗಿರುವ ಕಡೆ 50 ಮೀಟರ್ ಹೊಸ ಕಟ್ಟಡ ಏಳದ ವಲಯ. ಮೀನುಗಾರರ ಮನೆಗಳ ಮಾತು ಬೇರೆ. ಆದ್ದರಿಂದ ಕಾನೂನಿನಂತೆ ಕಟ್ಟಿದ ಒಳ್ಳೆಯ ಮನೆ ಸಾಮಾನ್ಯವಾಗಿ ತೆಂಗಿನ ತೋಟದ ಹಿಂದೆ, ಕಡಲಿಗೆ ನಾಲ್ಕೈದು ನಿಮಿಷದ ನಡಿಗೆಯಲ್ಲಿ ಇರುತ್ತದೆ. ಅದು ಕೊರತೆಯಲ್ಲ. ಉಪ್ಪುಗಾಳಿ ನೇರವಾಗಿ ಹೊಡೆಯದ ಕಾರಣ ಬಾಗಿಲ ಚಿಲಕವೂ ಕೆಲಸ ಮಾಡುತ್ತದೆ, ಹಾಸಿಗೆಯೂ ಒಣಗಿರುತ್ತದೆ.

‘ರೆಸಾರ್ಟ್‌ನವರದ್ದು ಪ್ರೈವೇಟ್ ಬೀಚ್’

ಅಂಥದ್ದೊಂದು ನಮ್ಮ ದೇಶದಲ್ಲಿ ಇಲ್ಲ. ಅಲೆ ಬಂದು ಹೋಗುವ ಮರಳು ಸಾರ್ವಜನಿಕರದ್ದು. ಎರಡು ರೆಸಾರ್ಟ್‌ಗಳ ನಡುವೆ ಜನ ಕಡಲಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕೆಂದು ಕರಾವಳಿ ನಿಯಮವೇ ಹೇಳುತ್ತದೆ. ಜಾಹೀರಾತಿನಲ್ಲಿ ‘ಖಾಸಗಿ’ ಎಂದಿದ್ದರೆ ಅದರರ್ಥ, ಸುತ್ತಲಿನ ದಾರಿ ನಿಮಗೆ ಕಾಣಿಸುತ್ತಿಲ್ಲ ಎಂದಷ್ಟೇ. ಹುಡುಗರು ತೋರಿಸುವ ಗ್ರೀಸಿನಲ್ಲೂ ಇದೇ ಜಗಳ ನಡೆಯಿತು. 2023ರ ಬೇಸಿಗೆಯಲ್ಲಿ ಪಾರೋಸ್ ದ್ವೀಪದ ಜನ, ದಡವಿಡೀ ಬಾಡಿಗೆ ಕುರ್ಚಿ, ಛತ್ರಿಗಳೇ ತುಂಬಿ ತಮಗೆ ಟವೆಲ್ ಹಾಸಲೂ ಜಾಗವಿಲ್ಲವೆಂದು ಬೀದಿಗಿಳಿದರು. ಮರುವರ್ಷ ಅಲ್ಲಿನ ಸರ್ಕಾರ ನಿಯಮ ಬಿಗಿ ಮಾಡಿತು. ಇನ್ನು ಆ ಬಿಳಿ ಮನೆಗಳ ಸಾಂಟೊರಿನಿಯಲ್ಲಿ ಇರುವ ಜನ ಸುಮಾರು 15,000. ಹಡಗುಗಳಿಂದ ಇಳಿಯುವ ಪ್ರವಾಸಿಗರಿಗೆ ಹಾಕಿರುವ ಮಿತಿಯೇ ದಿನಕ್ಕೆ 8,000! ಬೇಸಿಗೆಯ ನಡುಮಧ್ಯಾಹ್ನ ಅಲ್ಲಿನ ಗಲ್ಲಿಗಳು ನಮ್ಮ ಕರಗದ ರಾತ್ರಿಗಿಂತ ಕಮ್ಮಿಯೇನಿಲ್ಲ. ಮರಳಾದರೂ ಬಿಳಿಯೇ? ಅದೂ ಅಲ್ಲ. ಪೆರಿಸ್ಸಾ, ಕಮಾರಿ ದಡಗಳಲ್ಲಿ ಜ್ವಾಲಾಮುಖಿಯ ಕರಿಮರಳು. ಕರಿಮರಳೇ ಬೇಕೆಂದರೆ ಕಾರವಾರದ ಮಾಜಾಳಿಯಿಂದ ಗುಡ್ಡದ ಕಾಲುದಾರಿಯಲ್ಲಿ ನಡೆದು ತಿಳ್ಮಾತಿಗೆ ಹೋಗಿ, ಎಳ್ಳು ಚೆಲ್ಲಿದ ಹಾಗಿರುತ್ತದೆ.

‘ಯಾರೂ ಇಲ್ಲದ ದಡ, ಆರಾಮಾಗಿ ಈಜಬಹುದು’

ಇದೊಂದನ್ನು ನಿಧಾನವಾಗಿ ಓದಿ. ನಮ್ಮ ಕಡೆಯವರು ತೆರೆದ ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತವರು. ಸಂಗಮ, ಮೇಕೆದಾಟಿನಲ್ಲಿ ಕಾವೇರಿಯ ಸುಳಿ ಏನು ಮಾಡುತ್ತದೆಂದೂ ಗೊತ್ತು. ಕಡಲಿನ ಲೆಕ್ಕ ಬೇರೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕು. ಅದು ಮರಳಿನ ದಿಬ್ಬಗಳ ನಡುವಿನ ಕಿರಿದಾದ ಓಣಿಗಳಲ್ಲಿ ಜೋರಾಗಿ ಹಿಂದಕ್ಕೆ ಹರಿಯುತ್ತದೆ. ಸೆಳೆತ ಜೋರಿದ್ದಾಗ ಸೆಕೆಂಡಿಗೆ ಎರಡು ಮೀಟರಿಗೂ ಮಿಕ್ಕಿದ ವೇಗವಿರುತ್ತದೆ, ಒಲಿಂಪಿಕ್ ಈಜುಗಾರನಿಗೂ ಅದನ್ನು ಎದುರಿಸಿ ಬರಲಾಗದು. ದಡದಲ್ಲಿ ನಿಂತು ನೋಡಿದರೆ ಎಡಬಲದಲ್ಲಿ ಅಲೆ ಒಡೆದು ಬೆಳ್ಳಗೆ ನೊರೆಯೇಳುತ್ತಿರುತ್ತದೆ. ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಸಪಾಟಾಗಿ, ಅಲೆಯೇ ಇಲ್ಲದಂತೆ ಇರುತ್ತದೆ. ‘ಇಲ್ಲಿ ನೀರು ಶಾಂತವಾಗಿದೆ, ಮಕ್ಕಳನ್ನು ಇಲ್ಲೇ ಇಳಿಸೋಣ’ ಎಂದು ಹೊಸಬರು ಆರಿಸಿಕೊಳ್ಳುವುದು ಅದನ್ನೇ. ಸೆಳೆತ ಇರುವುದು ಅಲ್ಲೇ.

ಸಿಕ್ಕಿಬಿದ್ದರೆ ದಡದ ಕಡೆಗೆ ಕೈ ಬಡಿಯಬೇಡಿ. ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಓಣಿಯಿಂದ ಹೊರಬನ್ನಿ, ಆಮೇಲೆ ಅಲೆಯೇ ನಿಮ್ಮನ್ನು ದಡದ ಕಡೆಗೆ ತಳ್ಳುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಅದು ಜನರಿರುವ ದಡ. ಯಾರೂ ಇಲ್ಲದ ಕಡೆ ಕೂಗಿದರೆ ಕೇಳುವವರಾದರೂ ಯಾರು? ಖಾಲಿ ದಡ ನಡೆಯಲು, ಕೂರಲು ಚೆನ್ನ. ಮೊಣಕಾಲಿಗಿಂತ ಆಳಕ್ಕೆ ಇಳಿಯುವ ಮುಂಚೆ ಅಲ್ಲಿನ ಮೀನುಗಾರರೊಬ್ಬರನ್ನು ಕೇಳಿ, ಅವರು ಬೇಡವೆಂದರೆ ವಾದಿಸಬೇಡಿ.

ಚಿಕ್ಕ ಮಕ್ಕಳಿದ್ದರೆ ಹೊನ್ನಾವರದ ಕಾಸರಕೋಡು ಅಥವಾ ಪಡುಬಿದ್ರಿ ವಾಸಿ. ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಆ ಬಾವುಟ ಕಂಡರೆ ‘ಪ್ರಶಾಂತ ಬೀಚ್’ ಅಂದುಕೊಳ್ಳುವುದೂ ತಪ್ಪು. ನೀರಿನ ಶುದ್ಧಿ, ಶೌಚಾಲಯ, ಜೀವರಕ್ಷಕರು, ಗುರುತು ಹಾಕಿದ ಸ್ನಾನದ ಜಾಗ ಎಂದು 33 ಮಾನದಂಡ ನೋಡಿ ಕೊಡುವ ಪ್ರಮಾಣಪತ್ರ ಅದು. ಸೌಕರ್ಯ ಇದ್ದಲ್ಲಿ ಜನ ಇದ್ದೇ ಇರುತ್ತಾರೆ. ಮಕ್ಕಳ ಜೊತೆಗಾದರೆ ನಾನು ಯೋಚಿಸದೆ ಜನರಿರುವ ದಡವನ್ನೇ ಆರಿಸುತ್ತೇನೆ.

‘ಮಳೆಗಾಲದಲ್ಲಿ ರೂಮ್ ಅಗ್ಗ, ಜನಾನೂ ಕಮ್ಮಿ’

ಎರಡೂ ನಿಜ, ಆದರೂ ಹೋಗಬಾರದು. ಇಲ್ಲೇ ನಮ್ಮ ಭಾಗದವರ ದುರದೃಷ್ಟ: ಮಾವಿನ ದುಡ್ಡು ಕೈಗೆ ಬರುವ ಜೂನಿಗೇ ಅಲ್ಲಿ ಮುಂಗಾರು ಅಪ್ಪಳಿಸುತ್ತದೆ. ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ನಮ್ಮಲ್ಲಿ ಅದರ ಕಾಲು ಭಾಗವೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಎಷ್ಟೋ ಕಡೆ ಕಡಲು ಕೊರೆದು ದಡವೇ ಇರುವುದಿಲ್ಲ, ಕಲ್ಲಿನ ತಡೆಗೋಡೆ ಮಾತ್ರ. ಏಪ್ರಿಲ್, ಮೇನಲ್ಲಿ ‘ಸಮುದ್ರದ ಪಕ್ಕ ತಂಪಾಗಿರತ್ತೆ’ ಎಂದು ಹೋಗುವವರು ಇನ್ನೊಂದು ಬಗೆ. ಕಡಲಗಾಳಿ ಜೋರಾಗುವುದು ಮಧ್ಯಾಹ್ನದ ಮೇಲೆ. ಅಲ್ಲಿಯವರೆಗೆ ಗಾಳಿಯಲ್ಲಿ ತೇವ ತುಂಬಿ, ಕೂತಲ್ಲೇ ಅಂಗಿ ಒದ್ದೆಯಾಗುತ್ತದೆ. ರಾಮನಗರದ ಬಂಡೆಗಳ ಬಿಸಿಲು ಸುಡುತ್ತದೆ, ಕರಾವಳಿಯ ಸೆಕೆ ಬೇಯಿಸುತ್ತದೆ. ಮಾವಿನ ದುಡ್ಡನ್ನು ಎತ್ತಿಟ್ಟು ಡಿಸೆಂಬರ್, ಜನವರಿಯಲ್ಲಿ ಹೋಗಿ. ಕ್ರಿಸ್‌ಮಸ್ಸಿನಿಂದ ಹೊಸವರ್ಷದವರೆಗಿನ ವಾರ ಮಾತ್ರ ಬಿಟ್ಟುಬಿಡಿ.

‘ದಡದಲ್ಲಿ ಯಾರಿದ್ದಾರೆ ಕೇಳೋಕೆ’ ಎಂಬುದು ಬಾಯಲ್ಲಿ ಹೇಳದೆ ನಡವಳಿಕೆಯಲ್ಲಿ ತೋರಿಸುವ ನಂಬಿಕೆ. ಕಡಲೂರಿನ ದಡ ಅಲ್ಲಿನವರ ಕಣ. ಬೆಳಗಿನ ಜಾವ ದೋಣಿಯೊಂದು ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ದಡದಲ್ಲಿ ಎರಡು ಸಾಲಾಗಿ ನಿಂತವರು ಎರಡೂ ತುದಿಯ ಹಗ್ಗವನ್ನು ಹಿಂದಕ್ಕೆ ವಾಲಿಕೊಂಡು, ಹಿಮ್ಮಡಿ ಮರಳಿಗೆ ಊರಿ ಎಳೆಯುತ್ತಾರೆ. ಇದೇ ಕೈರಂಪಣಿ. ಬಲೆ ಹತ್ತಿರವಾದಂತೆ ಎರಡು ಸಾಲೂ ಒಂದರ ಕಡೆ ಇನ್ನೊಂದು ಸರಿಯುತ್ತವೆ, ಮೇಲೆ ಗರುಡಗಳು ಸುತ್ತುತ್ತವೆ, ಕೊನೆಗೆ ಬಂಗುಡೆಯೋ ಬೂತಾಯಿಯೋ ಮರಳ ಮೇಲೆ ಚಡಪಡಿಸುತ್ತವೆ. ಆ ಹೊತ್ತಿಗೆ ಹಗ್ಗ ದಾಟಿಕೊಂಡು ಓಡಾಡುವುದು, ಒಣಹಾಕಿದ ಬಲೆಯ ಮೇಲೆ ಜೀಪು ಹತ್ತಿಸುವುದು ಪ್ರವಾಸಿಗರೇ. ಚಳಿಗಾಲದ ರಾತ್ರಿಗಳಲ್ಲಿ ಹೊನ್ನಾವರದ ಕಡೆ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ, ಜೋರು ದೀಪ ಕಂಡರೆ ತಿರುಗಿ ಹೋಗುತ್ತವೆ. ನಮಗಿದು ಅರ್ಥವಾಗಬೇಕು. ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಭಾನುವಾರ ಬೆಂಗಳೂರಿನ ಕಾರುಗಳು ಅದರ ಸುತ್ತಮುತ್ತ ಹಾಡು ಹಾಕಿಕೊಂಡು ನಿಲ್ಲುವಾಗ ನಾವು ಬೈಯುವುದಿಲ್ಲವೇ?

ಇನ್ನು ಹೋಂಸ್ಟೇ. ಬೋರ್ಡು ಕಂಡ ಕೂಡಲೇ ಮನೆಯವರ ಜೊತೆ ಇರುತ್ತೇವೆ, ಅಮ್ಮನ ಕೈಯಡುಗೆ ಎಂದುಕೊಳ್ಳುತ್ತೇವೆ. ಎಷ್ಟೋ ಕಡೆ ಅದು ಬೀಗದ ಕೈ ಕೊಟ್ಟು ಹೋಗುವ ಒಬ್ಬ ಕೇರ್‌ಟೇಕರ್, ಅಷ್ಟೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಮನೆಯವರು ಅಲ್ಲೇ ವಾಸವಿರಬೇಕು, ಬಾಡಿಗೆ ಕೋಣೆ ಒಂದರಿಂದ ಆರರವರೆಗೆ ಮಾತ್ರ. ರಾಜ್ಯದ ಪ್ರವಾಸೋದ್ಯಮ ಇಲಾಖೆಯಲ್ಲೂ ನೋಂದಣಿ ಇದೆ. ಫೋನಿನಲ್ಲಿ ‘ನೀವು ಅದೇ ಮನೇಲಿ ಇರ್ತೀರಾ ಅಕ್ಕಾ?’ ಎಂದು ಕೇಳಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆಯೇ, ಆ ವಾರ ಮನೆಯಲ್ಲಿ ಪಾರ್ಟಿಗೆ ಯಾರಾದರೂ ಬುಕ್ ಮಾಡಿದ್ದಾರೆಯೇ ಎಂದೂ ಕೇಳಿ. ದಡದ ಫೋಟೊ ನಂಬುವ ಮುನ್ನ ಅದು ಇಳಿತದಲ್ಲಿ ತೆಗೆದದ್ದೇ ಎಂದು ವಿಚಾರಿಸಿ. ದಿನಕ್ಕೆರಡು ಬಾರಿ ಬರುವ ಭರತ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಜಾಸ್ತಿ ಏರುತ್ತದೆ. ಫೋಟೊದಲ್ಲಿ ಕ್ರಿಕೆಟ್ ಆಡುವಷ್ಟಿದ್ದ ಮರಳು ಆಗ ಚಾಪೆಯಷ್ಟೂ ಇರುವುದಿಲ್ಲ.

ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಸ್ವಂತ ಗಾಡಿ ಇಲ್ದೆ ಆಗಲ್ಲ’ ಅನ್ನುತ್ತಾರೆ, ಆದರೆ ಬೆಂಗಳೂರಿನಿಂದ ಮೈಸೂರು ಮೇಲೆ ಮುರುಡೇಶ್ವರಕ್ಕೆ ಹೋಗುವ ರಾತ್ರಿ ರೈಲು ನಮ್ಮ ರಾಮನಗರವನ್ನು ಹಾದೇ ಹೋಗುತ್ತದೆ. ಎಲ್ಲಿ ನಿಲ್ಲುತ್ತದೆಂದು ನೋಡಿಕೊಂಡು ಹತ್ತಿದರಾಯಿತು.

‘ಕರಾವಳಿ ಅಂದ್ರೆ ಬರೀ ಮೀನು’ ಎಂದು ಮನೆಯ ಹಿರಿಯರು ಹಿಂಜರಿದರೆ ಅವರಿಗೆ ಉಡುಪಿಯ ಹೆಸರು ಹೇಳಿದರೆ ಸಾಕು. ಕಟಪಾಡಿ ಹತ್ತಿರದ ಮಟ್ಟು ಎಂಬ ಕಡಲೂರಿನ ಗುಳ್ಳ ಬದನೆಗೆ 2011ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಹುಳಿ, ಕುಚ್ಚಲಕ್ಕಿ ಅನ್ನ ಇದ್ದರೆ ಮೀನು ತಿನ್ನದವರಿಗೂ ಕೊರತೆಯಿಲ್ಲ. ಮೀನು ಬೇಕಾದವರು ಹಿಂದಿನ ರಾತ್ರಿಯೇ ಮನೆಯವರಿಗೆ ಹೇಳಿಡಬೇಕು, ಬೆಳಿಗ್ಗೆ ದೋಣಿ ಬಂದಾಗಲೇ ಅವರು ಕೊಳ್ಳುವುದು. ಮುದ್ದೆ ಸಿಗುವುದಿಲ್ಲ ಎನ್ನುತ್ತಾರಲ್ಲ, ಅದು ಮಾತ್ರ ಬಹುಮಟ್ಟಿಗೆ ನಿಜ. ಹಿಟ್ಟು ಕಟ್ಟಿಕೊಂಡು ಹೋಗಿ, ಕೇಳಿದರೆ ಒಲೆ ಬಿಟ್ಟುಕೊಡುತ್ತಾರೆ.